ಬಿಸಿಯೇರುವ ಕ್ಯಾನನ್ ಇಒಎಸ್ ಆರ್5: ಕೊಳ್ಳಬಹುದೇ, ಬೇಡವೇ?

ಕ್ಯಾನನ್ ಸಂಸ್ಥೆಯ ಇಒಎಸ್ ಆರ್5 ಕ್ಯಾಮೆರಾವನ್ನು ಕೊಳ್ಳಬೇಕೆಂದಿರುವವರು ಅದರ ಚಿತ್ರಗಳ ಗುಣಮಟ್ಟವನ್ನು ವಿಚಾರಿಸುವುದಕ್ಕೂ ಮೊದಲು ಕೇಳುವ ಪ್ರಶ್ನೆ ಒಂದೇ: ಅದು ಬಿಸಿಯಾಗಿ ನಿಂತುಹೋಗುತ್ತದಂತೆ, ಹೌದೇ? 2020ರ ಜುಲೈ 9ರಂದು ಪ್ರಕಟವಾದ ಈ ಕ್ಯಾಮೆರಾ ಗ್ರಾಹಕರ ಕೈಸೇರುವ ಮೊದಲೇ ಈ ಅಪವಾದವನ್ನು ಹೊತ್ತುಕೊಂಡಿತ್ತು. ಫರ್ಮ್‌ವೇರ್, ಅಂದರೆ ಕ್ಯಾಮೆರಾವನ್ನು ನಡೆಸುವ ಒಳಗಿನ ತಂತ್ರಾಂಶ, ಹಲವು ಬಾರಿ ಬದಲಾಗಿ, 2024ರ ಜುಲೈನಲ್ಲಿ ಇದರ ಮುಂದಿನ ಮಾದರಿಯಾದ ಆರ್5 ಮಾರ್ಕ್ 2 ಕೂಡ ಬಂದಿದ್ದರೂ ಆ ಅಪವಾದ ಇನ್ನೂ ಪೂರ್ತಿ ಕಳಚಿಲ್ಲ. ಇಷ್ಟೊಂದು ದುಬಾರಿ ವಸ್ತುವಿಗೆ ಹಣ ತೆರುವವರು ಹಿಂದೆಮುಂದೆ ನೋಡುವುದು ಸಹಜವೇ. ನನ್ನ ಮಟ್ಟಿಗೆ ಹೇಳುವುದಾದರೆ, ಬಿಸಿಯ ದೂರು ಸುಳ್ಳಲ್ಲ. ಆದರೆ ಒಂದೇ ಹೆಸರಿನಲ್ಲಿ ಓಡಾಡುತ್ತಿರುವುದು ಎರಡು ಬೇರೆ ಬೇರೆ ದೂರುಗಳು. ಅವುಗಳಲ್ಲಿ ಒಂದನ್ನು ತಯಾರಕರು ಬಹುಮಟ್ಟಿಗೆ ಸರಿಪಡಿಸಿದ್ದಾರೆ, ಇನ್ನೊಂದನ್ನು ಈ ದೇಹವಿನ್ಯಾಸದಲ್ಲಿ ಯಾರಿಂದಲೂ ಸರಿಪಡಿಸಲು ಆಗದು. ಕೊಳ್ಳುವ ನಿರ್ಧಾರ ನಿಂತಿರುವುದು ಈ ಎರಡನೆಯದು ನಿಮ್ಮ ಕೆಲಸಕ್ಕೆ ಅಡ್ಡಬರುತ್ತದೆಯೇ ಎಂಬುದರ ಮೇಲೆ.

ಶಾಖ ಹುಟ್ಟುವುದು ಎಲ್ಲಿ ಎಂಬುದನ್ನು ಮೊದಲು ನೋಡೋಣ. 8ಕೆ ವಿಡಿಯೊದ ಒಂದೊಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 8192, ಉದ್ದಕ್ಕೆ 4320 ಬಿಂದುಗಳಿರುತ್ತವೆ, ಅಂದರೆ ಸುಮಾರು 3.5 ಕೋಟಿ. ಸೆಕೆಂಡಿಗೆ 30 ಚೌಕಟ್ಟುಗಳೆಂದರೆ ಪ್ರತಿ ಸೆಕೆಂಡಿಗೂ ನೂರು ಕೋಟಿಗಿಂತ ಹೆಚ್ಚು ಬಿಂದುಗಳನ್ನು ಬೆಳಕು ಗ್ರಹಿಸುವ ಸೆನ್ಸರ್‌ನಿಂದ ಓದಿ, ಸಂಸ್ಕರಿಸಿ, ಮೆಮೊರಿ ಕಾರ್ಡಿಗೆ ಬರೆಯಬೇಕು. ರಾ ರೂಪದಲ್ಲಿ, ಅಂದರೆ ಸೆನ್ಸರ್ ಕೊಟ್ಟ ಮಾಹಿತಿಯನ್ನು ಹೆಚ್ಚು ಸಂಸ್ಕರಿಸದೆ, ದಾಖಲಿಸಿದರೆ ದತ್ತಾಂಶದ ಹರಿವು ಸೆಕೆಂಡಿಗೆ ಸುಮಾರು 2,600 ಮೆಗಾಬಿಟ್. ಇಪ್ಪತ್ತು ನಿಮಿಷದ ದಾಖಲೆಗೆ 390 ಗಿಗಾಬೈಟ್ ಬೇಕಾಗುತ್ತದೆ. ಈ ಕೆಲಸದಲ್ಲಿ ಸೆನ್ಸರ್, ಪ್ರೊಸೆಸರ್, ಸಿಎಫ್‌ಎಕ್ಸ್‌ಪ್ರೆಸ್ ಎಂಬ ವೇಗದ ಮೆಮೊರಿ ಕಾರ್ಡ್ ಮೂರೂ ಬಿಸಿಯಾಗುತ್ತವೆ. ಆ ಶಾಖಕ್ಕೆ ಹೊರಹೋಗಲು ದಾರಿಯೂ ಸುಲಭವಾಗಿಲ್ಲ. ದೂಳು ಮತ್ತು ನೀರು ಒಳನುಗ್ಗದಂತೆ ದೇಹವನ್ನು ಮುಚ್ಚಲಾಗಿದೆ, ಫ್ಯಾನ್ ಇಲ್ಲ, ಸಾಲದ್ದಕ್ಕೆ ಕೈನಡುಕವನ್ನು ಸರಿದೂಗಿಸಲು ಅತ್ತಿತ್ತ ಚಲಿಸುವ ಸೆನ್ಸರ್ ದೇಹಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವಂತಿಲ್ಲವಾದ್ದರಿಂದ ಅದರ ಶಾಖ ಲೋಹದ ಚೌಕಟ್ಟಿಗೆ ದಾಟುವುದೂ ನಿಧಾನ. ಮಳೆಯಂಗಿ ತೊಟ್ಟು ಓಡುವವನ ಸ್ಥಿತಿ ಈ ಕ್ಯಾಮೆರಾದ್ದು. ಮಳೆಯಲ್ಲಿ ನೆಮ್ಮದಿಯಿಂದ ಚಿತ್ರ ತೆಗೆಯಲು ಅನುವು ಮಾಡಿಕೊಡುವ ಗುಣವೇ ವಿಡಿಯೊ ತೆಗೆಯುವಾಗ ಉಸಿರುಗಟ್ಟಿಸುತ್ತದೆ.

ಕ್ಯಾನನ್ ಈ ಮಿತಿಯನ್ನು ಮುಚ್ಚಿಡಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಸುತ್ತಲಿನ ಉಷ್ಣತೆ 23 ಡಿಗ್ರಿ ಸೆಲ್ಸಿಯಸ್ ಇದ್ದಾಗ 8ಕೆ ದಾಖಲೆ ಸುಮಾರು 20 ನಿಮಿಷ, ಎಚ್‌ಕ್ಯೂ ಎಂದು ಕರೆಯುವ ಉತ್ತಮ ದರ್ಜೆಯ 4ಕೆ ದಾಖಲೆ ಸುಮಾರು 30 ನಿಮಿಷ ಎಂದು ಸಂಸ್ಥೆಯೇ ಪ್ರಕಟಿಸಿತ್ತು. ಆದರೆ ಪ್ರಚಾರದಲ್ಲಿ 8ಕೆಯ ಡಂಗುರ ದೊಡ್ಡದಾಗಿಯೂ ನಿಮಿಷಗಳ ಲೆಕ್ಕ ಸಣ್ಣ ಅಕ್ಷರದಲ್ಲಿಯೂ ಇದ್ದುದರಿಂದ, ಕೊಂಡವರಿಗೆ ಮೋಸಹೋದಂತೆ ಅನ್ನಿಸಿದ್ದರೆ ಅವರನ್ನು ದೂರುವಂತಿಲ್ಲ. ಮೊದಲಿಗೆ ಪರೀಕ್ಷಿಸಿದವರಿಗೆ ಇದಕ್ಕಿಂತ ವಿಚಿತ್ರವಾದ ಸಂಗತಿಯೂ ಕಂಡಿತು. ವಿಡಿಯೊ ದಾಖಲಿಸದೆ, ಸ್ಥಿರಚಿತ್ರ ತೆಗೆಯುತ್ತಲೋ ಮೆನು ತೆರೆದಿಟ್ಟುಕೊಂಡೋ ಕಾಲ ಕಳೆದರೂ ಮುಂದೆ ಸಿಗುವ ವಿಡಿಯೊ ಅವಧಿ ಕರಗುತ್ತಿತ್ತು. ಒಮ್ಮೆ ನಿಂತ ಕ್ಯಾಮೆರಾ ಚೇತರಿಸಿಕೊಳ್ಳಲು ತೆಗೆದುಕೊಳ್ಳುತ್ತಿದ್ದ ಸಮಯ, ಅದರ ನಿಜವಾದ ಬಿಸಿಗೆ ತಾಳೆಯಾಗುತ್ತಿರಲಿಲ್ಲ. ಒಳಗಿನ ತಂತ್ರಾಂಶ ಉಷ್ಣತೆಯನ್ನು ಅಳೆದು ನಡೆದುಕೊಳ್ಳುವ ಬದಲು ಗಡಿಯಾರ ನೋಡಿಕೊಂಡು ನಡೆದುಕೊಳ್ಳುತ್ತಿದೆ ಎಂಬ ಅನುಮಾನ ಹುಟ್ಟಿದ್ದು ಹೀಗೆ.

ನಾನು ಹೇಳಿದ ಎರಡು ದೂರುಗಳು ಬೇರೆಯಾಗುವುದು ಇಲ್ಲಿಯೇ. ಕ್ಯಾಮೆರಾ ಬಿಸಿಯಾಗುತ್ತದೆ ಎಂಬುದು ಭೌತಿಕ ಸಂಗತಿ. ಎಷ್ಟು ಬಿಸಿಯಾದಾಗ ನಿಲ್ಲಬೇಕು, ಎಷ್ಟು ಹೊತ್ತಿನ ಮೇಲೆ ಮತ್ತೆ ಕೆಲಸಕ್ಕೆ ಬರಬೇಕು ಎಂಬುದು ತಂತ್ರಾಂಶ ಬರೆದವರ ತೀರ್ಮಾನ. 2020ರ ಆಗಸ್ಟ್ ಕೊನೆಯಲ್ಲಿ ಬಂದ 1.1.0 ಫರ್ಮ್‌ವೇರ್ ಉಷ್ಣತೆಯ ಗ್ರಹಿಕೆಯನ್ನೂ ಅವಧಿಯ ನಿಯಂತ್ರಣವನ್ನೂ ಸುಧಾರಿಸಿತು. 2022ರ ಜುಲೈನಲ್ಲಿ ಬಂದ 1.6.0, ಕ್ಯಾಮೆರಾ ತಾನಾಗಿ ಆರಿಹೋಗುವ ಉಷ್ಣತೆಯ ಮಿತಿಯನ್ನು ಬಳಕೆದಾರರೇ ಏರಿಸಿಕೊಳ್ಳುವ ಆಯ್ಕೆಯನ್ನು ಕೊಟ್ಟಿತು. ಆ ಆಯ್ಕೆಯ ಜೊತೆಗೆ, ದೇಹದ ಹೊರಮೈ ಬಿಸಿಯಾಗಿ ಚರ್ಮಕ್ಕೆ ತೊಂದರೆಯಾಗಬಹುದು, ಟ್ರೈಪಾಡ್ ಬಳಸಿ ಎಂಬ ಎಚ್ಚರಿಕೆಯೂ ಇದೆ. ಅಂದರೆ ಮೊದಲಿನ ಬಿಗಿಯಾದ ಮಿತಿಯಲ್ಲಿ ಒಂದಿಷ್ಟು ಪಾಲು ಯಂತ್ರದ ರಕ್ಷಣೆಗಾಗಿ ಅಲ್ಲ, ಅದನ್ನು ಹಿಡಿದವರ ಕೈಯ ರಕ್ಷಣೆಗಾಗಿ ಇತ್ತು. ಇದು ನ್ಯಾಯವಾದ ಕಾಳಜಿಯೇ, ಅದನ್ನು ಮೊದಲ ದಿನವೇ ಬಿಡಿಸಿ ಹೇಳಿದ್ದರೆ ಅರ್ಧ ಗದ್ದಲ ಏಳುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಇನ್ನುಳಿದದ್ದು ಭೌತಿಕ ಮಿತಿ. ಅದರ ವಿಷಯದಲ್ಲಿ ಕ್ಯಾನನ್‌ನ ಮುಂದಿನ ನಡೆಗಳೇ ಸಾಕ್ಷಿ. 2022ರ ಜನವರಿಯಲ್ಲಿ ಬಂದ ಆರ್5 ಸಿ ಎಂಬ ಮಾದರಿಯಲ್ಲಿ ಇದೇ ಸೆನ್ಸರ್‌ಗೆ ಫ್ಯಾನ್ ಜೋಡಿಸಿದರು. ದೇಹ ದಪ್ಪವಾಯಿತು, ಚಲಿಸುವ ಸೆನ್ಸರ್‌ನ ಸ್ಥಿರೀಕರಣವನ್ನು ಕೈಬಿಡಬೇಕಾಯಿತು. ಮಾರ್ಕ್ 2 ಬಂದಾಗ ಫ್ಯಾನ್ ಇರುವ ಹಿಡಿಯನ್ನು ಬೇಕಾದವರಿಗೆ ಪ್ರತ್ಯೇಕವಾಗಿ ಕೊಟ್ಟರು. ದೀರ್ಘ ದಾಖಲೆ ಬೇಕಿದ್ದರೆ ಗಾಳಿಯಾಡಬೇಕು, ಅದಕ್ಕೆ ಬದಲಾಗಿ ಏನನ್ನಾದರೂ ಬಿಟ್ಟುಕೊಡಬೇಕು ಎಂಬುದನ್ನು ತಯಾರಕರೇ ಹೀಗೆ ಒಪ್ಪಿಕೊಂಡಂತಾಯಿತು. ಆದ್ದರಿಂದ ಮುಂದೊಂದು ಫರ್ಮ್‌ವೇರ್ ಬಂದು ಎಲ್ಲವೂ ಸರಿಹೋದೀತು ಎಂಬ ಭರವಸೆಯ ಮೇಲೆ ಆರ್5 ಕೊಳ್ಳುವುದು ಬೇಡ.

ವರದಿಯಾದ ದೋಷಗಳಿರುವ ದುಬಾರಿ ಕ್ಯಾಮೆರಾ ಇದೊಂದೇ ಅಲ್ಲ, ಹಿಂದಿನ ಪ್ರಸಂಗಗಳನ್ನು ನೋಡಿದರೆ ದೋಷದ ಮೂಲ ಎಲ್ಲಿದೆ ಎಂಬುದೇ ಕೊಂಡವರ ಗತಿಯನ್ನು ನಿರ್ಧರಿಸಿದೆ. ಕ್ಯಾನನ್‌ನದೇ 5ಡಿ ಮಾರ್ಕ್ 2, 2008ರಲ್ಲಿ ಬಂದಾಗ, ರಾತ್ರಿಯ ಚಿತ್ರಗಳಲ್ಲಿ ಪ್ರಖರವಾದ ಬೆಳಕಿನ ಬಿಂದುಗಳ ಬಲಪಕ್ಕದಲ್ಲಿ ಕಪ್ಪು ಚುಕ್ಕೆಗಳು ಕಾಣಿಸುತ್ತಿದ್ದವು. ಅದು ಚಿತ್ರ ಸಂಸ್ಕರಣೆಯಲ್ಲಿನ ತಪ್ಪಾಗಿದ್ದುದರಿಂದ 2009ರ ಜನವರಿಯ ಫರ್ಮ್‌ವೇರ್‌ನೊಂದಿಗೆ ಮುಗಿದುಹೋಯಿತು. ನಿಕಾನ್ ಡಿ600ರ ಕಥೆ ಹಾಗಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಆ ಕ್ಯಾಮೆರಾದಲ್ಲಿ ಸೆನ್ಸರ್ ಮೇಲೆ ಕಲೆಗಳು ಕೂಡುತ್ತಿದ್ದವು, ಎಷ್ಟು ಬಾರಿ ಒರೆಸಿದರೂ ಮತ್ತೆ ಬರುತ್ತಿದ್ದವು. ಹೊಸ ಶಟರ್ ಹೊಂದಿದ್ದ ಡಿ610 ಒಂದೇ ವರ್ಷದಲ್ಲಿ ಬಂದಿತು. ಡಿ600 ಕೊಂಡವರಿಗೆ ಶಟರ್ ಭಾಗವನ್ನು ಉಚಿತವಾಗಿ ಬದಲಿಸಿಕೊಡುವ ಘೋಷಣೆಗಾಗಿ 2014ರ ಫೆಬ್ರವರಿಯವರೆಗೆ ಕಾಯಬೇಕಾಯಿತು. ಯಾಂತ್ರಿಕ ದೋಷಕ್ಕೆ ಮದ್ದಿದೆ, ಆದರೆ ಅದು ತಯಾರಕರು ತಪ್ಪನ್ನು ಒಪ್ಪಿಕೊಳ್ಳುವ ವೇಗವನ್ನು ಅವಲಂಬಿಸಿದೆ. ಲೈಕಾ ಎಂ8ರ ಸಂಗತಿಯಂತೂ ಆರ್5ಕ್ಕೆ ಇನ್ನೂ ಹತ್ತಿರ. 2006ರ ಆ ಕ್ಯಾಮೆರಾದ ಸೆನ್ಸರ್ ಅವಕೆಂಪು ಕಿರಣಗಳನ್ನು ಸಾಕಷ್ಟು ತಡೆಯದಿದ್ದುದರಿಂದ ಕೆಲವು ಕೃತಕ ನೂಲಿನ ಕಪ್ಪು ಬಟ್ಟೆಗಳು ನೇರಳೆ ಛಾಯೆಯಲ್ಲಿ ಮೂಡುತ್ತಿದ್ದವು. ಲೈಕಾ ಕೊಟ್ಟ ಪರಿಹಾರ, ಲೆನ್ಸಿನ ಮುಂದೆ ಹಾಕಿಕೊಳ್ಳಲು ಎರಡು ಉಚಿತ ಫಿಲ್ಟರ್‌ಗಳು. ವಿನ್ಯಾಸದಲ್ಲೇ ಇದ್ದ ಆಯ್ಕೆಯನ್ನು ಬದಲಿಸಲಾಗದು, ಅದರೊಂದಿಗೆ ಬದುಕುವ ಉಪಾಯವನ್ನಷ್ಟೇ ಕೊಡಬಹುದು.

ಬಿಸಿಯ ವಿಷಯವನ್ನು ಬದಿಗಿಟ್ಟರೆ ಆರ್5 ಎಂಥ ಕ್ಯಾಮೆರಾ? ಸ್ಥಿರಚಿತ್ರಗಳಿಗೆ ಇದು ನಿಜಕ್ಕೂ ಮೇಲ್ಮಟ್ಟದ್ದು. 45 ಮೆಗಾಪಿಕ್ಸೆಲ್‌ಗಳ ಫುಲ್‌ಫ್ರೇಮ್ (35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ) ಸೆನ್ಸರ್, ಯಾಂತ್ರಿಕ ಶಟರ್‌ನಲ್ಲಿ ಸೆಕೆಂಡಿಗೆ 12 ಚಿತ್ರಗಳು, ಎಲೆಕ್ಟ್ರಾನಿಕ್ ಶಟರ್‌ನಲ್ಲಿ 20. ಆದರೆ ಇದರಲ್ಲಿ ಹಣ ಸಾರ್ಥಕವಾಗುವುದು ಆಟೋಫೋಕಸ್‌ನಲ್ಲಿ. ಮನುಷ್ಯರ ಕಣ್ಣನ್ನಷ್ಟೇ ಅಲ್ಲದೆ ನಾಯಿ, ಬೆಕ್ಕು ಮತ್ತು ಹಕ್ಕಿಗಳ ಕಣ್ಣನ್ನು ಗುರುತಿಸಿ ಹಿಂಬಾಲಿಸುವ ಇದರ ಸಾಮರ್ಥ್ಯದಿಂದಾಗಿ, ಹಾರುವ ಹಕ್ಕಿಯನ್ನು ತೆಗೆಯುವವರು ಫೋಕಸ್ ಬಿಂದುವನ್ನು ಹೊಂದಿಸುವ ತಾಪತ್ರಯವನ್ನು ಬಿಟ್ಟು ಚೌಕಟ್ಟಿನ ಮೇಲೆ ಗಮನವಿಡಬಹುದು. ಅತ್ತಿತ್ತ ಚಲಿಸುವ ಸೆನ್ಸರ್, ಸೂಕ್ತ ಲೆನ್ಸ್‌ಗಳೊಂದಿಗೆ, 8 ಸ್ಟಾಪ್‌ಗಳವರೆಗೆ (ಒಂದೊಂದು ಸ್ಟಾಪ್ ಎಂದರೆ ಶಟರ್ ತೆರೆದಿಡಬಹುದಾದ ಸಮಯ ಎರಡು ಪಟ್ಟು) ನಡುಕವನ್ನು ಸರಿದೂಗಿಸುತ್ತದೆ ಎಂಬುದು ತಯಾರಕರ ಲೆಕ್ಕ. ಎಲ್ಲ ಲೆನ್ಸ್‌ಗಳಿಗೂ ಅಷ್ಟೇ ಫಲ ಸಿಗುವುದಿಲ್ಲವಾದರೂ ಸಂಜೆಯ ಮಂದ ಬೆಳಕಿನಲ್ಲಿ ಟ್ರೈಪಾಡ್ ಇಲ್ಲದೆ ಕೆಲಸ ನಡೆಯುತ್ತದೆ. ಬ್ಯಾಟರಿ ಮತ್ತು ಕಾರ್ಡ್ ಸೇರಿ 738 ಗ್ರಾಂ ತೂಕ. ಈ ದರ್ಜೆಗೆ ಅದು ಹೆಚ್ಚೇನಲ್ಲ.

ದೂರುಗಳ ಗದ್ದಲದಲ್ಲಿ ಹೆಚ್ಚು ಚರ್ಚೆಯಾಗದ, ಆದರೆ ನನ್ನ ದೃಷ್ಟಿಯಲ್ಲಿ ಬಿಸಿಗಿಂತ ಮುಖ್ಯವಾದ ಒಂದು ಕೊರತೆ ಇದೆ. ಎಲೆಕ್ಟ್ರಾನಿಕ್ ಶಟರ್ ಬಳಸಿದಾಗ ಸೆನ್ಸರ್ ಅನ್ನು ಮೇಲಿನಿಂದ ಕೆಳಗಿನವರೆಗೆ ಓದಲು ಹೆಚ್ಚುಕಡಿಮೆ 1/60 ಸೆಕೆಂಡ್ ಬೇಕು. ಆ ಅವಧಿಯಲ್ಲಿ ಹಕ್ಕಿ ರೆಕ್ಕೆ ಬಡಿದರೆ ರೆಕ್ಕೆ ಬಾಗುತ್ತದೆ, ಬ್ಯಾಟ್ ಬೀಸಿದರೆ ಬ್ಯಾಟ್ ಡೊಂಕಾಗುತ್ತದೆ. ಸೆಕೆಂಡಿಗೆ 20 ಚಿತ್ರ ಎಂಬ ಅಂಕಿ ನೋಡಿ ಕೊಳ್ಳುವವರು ವೇಗದ ದೃಶ್ಯಗಳಿಗೆ ವಾಸ್ತವವಾಗಿ 12ಕ್ಕೇ ಇಳಿಯಬೇಕಾಗುತ್ತದೆ ಎಂಬುದನ್ನು ತಿಳಿದಿರಬೇಕು. ಮಾರ್ಕ್ 2ರಲ್ಲಿನ, ಪದರಗಳಾಗಿ ಕಟ್ಟಿದ ಹಾಗೂ ಬಹುಬೇಗ ಓದಬಲ್ಲ ಸ್ಟ್ಯಾಕ್ಡ್ ಸೆನ್ಸರ್ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದೆ. ಕ್ರೀಡೆಯೇ ನಿಮ್ಮ ಕಸುಬಾಗಿದ್ದರೆ ಆರ್5ನಿಂದ ಮಾರ್ಕ್ 2ಕ್ಕೆ ದಾಟಲು ಸರಿಯಾದ ಕಾರಣ ಇದೇ ಹೊರತು ಬಿಸಿಯಲ್ಲ.

ವಿಡಿಯೊ ತೆಗೆಯುವವರಲ್ಲೂ ಎಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ. 8ಕೆ ನಿಂತುಹೋಗುತ್ತದೆ ಎಂಬ ಮಾತು ಜೋರಾಗಿ ಕೇಳಿಬಂದರೂ, 8ಕೆಯನ್ನು ಸತತವಾಗಿ ಇಪ್ಪತ್ತು ನಿಮಿಷ ದಾಖಲಿಸಬೇಕಾದವರು ಎಷ್ಟು ಜನರಿದ್ದಾರು? ನಿಜವಾದ ಪೆಟ್ಟು ಬೀಳುವುದು 4ಕೆ ಎಚ್‌ಕ್ಯೂಗೆ. ಅದು ಇಡೀ ಸೆನ್ಸರ್ ಓದಿ 8ಕೆಯಿಂದ ಕುಗ್ಗಿಸಿ ಕೊಡುವ ಚಿತ್ರವಾದ್ದರಿಂದ ಸ್ಫುಟತೆ ಅದ್ಭುತ, ಬಿಸಿಯೂ ಅಷ್ಟೇ. ಸಾಮಾನ್ಯ 4ಕೆಯಲ್ಲಿ ಕೆಲವು ಸಾಲುಗಳನ್ನು ಬಿಟ್ಟು ಓದುವುದರಿಂದ ಸೆಕೆಂಡಿಗೆ 30 ಚೌಕಟ್ಟುಗಳವರೆಗೆ ಶಾಖದ ಮಿತಿಯ ಚಿಂತೆಯಿಲ್ಲ, ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಚಿಕ್ಕ ಚಿಕ್ಕ ತುಣುಕುಗಳನ್ನು ತೆಗೆದು ಜೋಡಿಸುವವರಿಗೆ, ಅಂದರೆ ಕಥಾಚಿತ್ರ, ಜಾಹೀರಾತು, ನಿಸರ್ಗದ ದೃಶ್ಯಗಳಂಥ ಕೆಲಸಕ್ಕೆ, ಇಂದಿನ ಫರ್ಮ್‌ವೇರ್‌ನಲ್ಲಿ ಎಚ್‌ಕ್ಯೂ ಸಾಕಷ್ಟು ಹೊತ್ತು ನಡೆಯುತ್ತದೆ. ಮದುವೆ, ಭಾಷಣ, ಸಂಗೀತ ಕಚೇರಿಗಳಂತೆ ಮತ್ತೊಮ್ಮೆ ತೆಗೆಯಲು ಅವಕಾಶವೇ ಇಲ್ಲದ, ಗಂಟೆಗಟ್ಟಲೆ ಸಾಗುವ ಸಂದರ್ಭಗಳಿಗೆ ಇದನ್ನು ಏಕೈಕ ಕ್ಯಾಮೆರಾವಾಗಿ ನೆಚ್ಚಿಕೊಳ್ಳಬೇಡಿ. ಪ್ರಕಟವಾದ ನಿಮಿಷಗಳ ಲೆಕ್ಕ 23 ಡಿಗ್ರಿಯದ್ದು. ನೇರ ಬಿಸಿಲಿನಲ್ಲಿ ಕಪ್ಪು ಬಣ್ಣದ ಲೋಹದ ದೇಹ ಯಾವ ಮಟ್ಟದಿಂದ ಆರಂಭಿಸುತ್ತದೆ ಎಂಬುದನ್ನು ಊಹಿಸಿಕೊಳ್ಳಬಹುದು.

ಬೇರೆ ಸಂಸ್ಥೆಗೆ ಹೋದರೆ ದೋಷಗಳ ಗೋಜೇ ಇರದು ಎಂದೂ ತಿಳಿಯಬೇಕಾಗಿಲ್ಲ. 2023ರ ಮೇ ತಿಂಗಳಲ್ಲಿ ಬಂದ ನಿಕಾನ್ ಝಡ್8 ಇದೇ ದರ್ಜೆಯ, ವೇಗದ ಸೆನ್ಸರ್ ಇರುವ ಉತ್ತಮ ಕ್ಯಾಮೆರಾ. ಅದರ ಮೊದಲ ಕಂತುಗಳಲ್ಲೂ ಲೆನ್ಸ್ ಜೋಡಣೆಯ ಬಗ್ಗೆ, ಪಟ್ಟಿ ಕಟ್ಟುವ ಕೊಂಡಿಯ ಬಗ್ಗೆ ಸಂಸ್ಥೆ ಪ್ರಕಟಣೆ ಹೊರಡಿಸಿ, ಸರಣಿ ಸಂಖ್ಯೆಯ ಆಧಾರದ ಮೇಲೆ ಉಚಿತವಾಗಿ ದುರಸ್ತಿ ಮಾಡಿಕೊಡಬೇಕಾಯಿತು. ಹೊಸ ಮಾದರಿಯ ಮೊದಲ ಕೆಲವು ತಿಂಗಳು ಕೊಳ್ಳುವವರೇ ಪರೀಕ್ಷಕರಾಗಿರುತ್ತಾರೆ. ತುರ್ತು ಇಲ್ಲದವರು ಆ ಅವಧಿ ಕಳೆಯುವವರೆಗೆ ಕಾದರೆ ನಷ್ಟವೇನೂ ಇಲ್ಲ, ಆರ್5ರ ಮಟ್ಟಿಗೆ ಆ ಕಾಲ ಎಂದೋ ಕಳೆದಿದೆ. ದೂರುಗಳನ್ನು ಓದುವಾಗಲೂ ಬರೆದವರು ಯಾವ ಫರ್ಮ್‌ವೇರ್ ಹಾಕಿಕೊಂಡು, ಯಾವ ದರ್ಜೆಯ ವಿಡಿಯೊವನ್ನು, ಎಂಥ ವಾತಾವರಣದಲ್ಲಿ ತೆಗೆಯುತ್ತಿದ್ದರು ಎಂಬ ವಿವರ ಇದೆಯೇ ನೋಡಿ. ಅದಿಲ್ಲದ ದೂರಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. 2020ರ ಆಗಸ್ಟ್‌ಗಿಂತ ಹಿಂದಿನ ಪರೀಕ್ಷೆಗಳ ಅಂಕಿಗಳನ್ನಂತೂ ಈಗ ಲೆಕ್ಕಕ್ಕೆ ತೆಗೆದುಕೊಳ್ಳಲೇಬಾರದು.

ನಿಸರ್ಗ, ಭಾವಚಿತ್ರ, ಹಕ್ಕಿ, ಪ್ರವಾಸ ಇವುಗಳಿಗಾಗಿ ಕ್ಯಾಮೆರಾ ಬೇಕಾಗಿ, ವಿಡಿಯೊ ಎರಡನೆಯ ಆದ್ಯತೆಯಾಗಿದ್ದರೆ ಆರ್5 ಅನ್ನು ಬಿಸಿಯ ಭಯವಿಲ್ಲದೆ ಕೊಳ್ಳಬಹುದು. ವಿಡಿಯೊವೇ ಮೊದಲಾಗಿದ್ದರೆ, ಕೊಳ್ಳುವ ಮುನ್ನ ಒಂದು ದಿನದ ಮಟ್ಟಿಗೆ ಬಾಡಿಗೆಗೆ ತಂದು, ನೀವು ಎಂದಿನಂತೆ ಕೆಲಸ ಮಾಡುವ ಜಾಗದಲ್ಲಿ, ಎಂದಿನ ಬೆಳಕು ಮತ್ತು ಸೆಕೆಯಲ್ಲಿ ಎಚ್‌ಕ್ಯೂ ದರ್ಜೆಯನ್ನು ಕ್ಯಾಮೆರಾ ನಿಲ್ಲುವವರೆಗೂ ಓಡಿಸಿ ನೋಡಿ. ಮೊದಲು ಫರ್ಮ್‌ವೇರ್ 1.6.0 ಅಥವಾ ಅದಕ್ಕಿಂತ ಹೊಸದಾಗಿದೆಯೇ ಎಂದು ಪರಿಶೀಲಿಸಿ, ಉಷ್ಣತೆಯ ಮಿತಿಯನ್ನು ಏರಿಸಿಟ್ಟು ಟ್ರೈಪಾಡ್ ಮೇಲೆ ಕೂರಿಸಿ. ನಿಂತ ಮೇಲೆ ಮತ್ತೆ ದಾಖಲೆಗೆ ಸಿದ್ಧವಾಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಗುರುತು ಹಾಕಿಕೊಳ್ಳಿ, ಏಕೆಂದರೆ ಕೆಲಸದ ನಡುವೆ ಕಾಡುವುದು ಮೊದಲ ಅವಧಿಯ ಉದ್ದಕ್ಕಿಂತ ಹೆಚ್ಚಾಗಿ ಆ ಬಿಡುವಿನ ಉದ್ದವೇ.