ಕ್ರೂಸ್‌ಗೆ ಹೊರಟಾಗ: ವಿಮಾನ, ಹೋಟೆಲ್, ಬಂದರಿನ ದಾರಿ, ಯಾವುದು ಯಾರ ಕೈಲಿ ಬುಕ್ ಮಾಡಿಸಬೇಕು?

ಕ್ರೂಸ್ ಬುಕ್ ಆದ ತಕ್ಷಣ ಹೆಚ್ಚಿನವರು ವಿಮಾನದ ದರ ನೋಡಲು ಕೂರುತ್ತಾರೆ. ನನ್ನ ಕೇಳಿದರೆ ಮೊದಲು ನೋಡಬೇಕಾದ್ದು ಹಡಗು ಯಾವ ಬಂದರಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ವಿಮಾನ ನಿಲ್ದಾಣ ಎಷ್ಟು ದೂರ ಅನ್ನುವುದು. ಬ್ರೋಷರ್‌ನಲ್ಲಿ ಬರೆದ ಊರೇ ಬೇರೆ, ಹಡಗು ನಿಲ್ಲುವ ಊರೇ ಬೇರೆ ಇರುತ್ತದೆ. 'ರೋಮ್' ಅಂತ ಬರೆದಿದ್ದರೆ ಹಡಗು ಇರುವುದು ಚಿವಿತಾವೆಕ್ಕಿಯಾದಲ್ಲಿ, ರೋಮ್‌ನಿಂದ ಎಪ್ಪತ್ತು ಕಿಲೋಮೀಟರ್‌ಗೂ ಜಾಸ್ತಿ ದೂರ. 'ಲಂಡನ್' ಅಂದರೆ ಸಾಮಾನ್ಯವಾಗಿ ಸೌತಾಂಪ್ಟನ್. 'ಪ್ಯಾರಿಸ್' ಅಂದರೆ ಲೆ ಹಾವ್ರ್. 'ಬರ್ಲಿನ್' ಅಂದರೆ ಬಾಲ್ಟಿಕ್ ಕಡಲ ದಡದ ವಾರ್ನೆಮುಂಡೆ, ಅದಂತೂ ಬರ್ಲಿನ್‌ನಿಂದ ಇನ್ನೂರು ಕಿಲೋಮೀಟರ್ ಆಚೆ. ವೆನಿಸ್ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ಅಲ್ಲಿನ ಜ್ಯೂಡೆಕ್ಕಾ ಕಾಲುವೆಗೆ ಬರುವಂತಿಲ್ಲ. ಹಾಗಾಗಿ ವೆನಿಸ್ ಹೆಸರಿನ ಎಷ್ಟೋ ಕ್ರೂಸ್‌ಗಳು ರವೆನ್ನಾ ಅಥವಾ ತ್ರಿಯೆಸ್ತೆಯಿಂದ ಹೊರಡುತ್ತವೆ. ಬಾರ್ಸಿಲೋನಾ, ಸಿಂಗಾಪುರದಂಥ ಕಡೆ ಈ ತಲೆಬಿಸಿ ಇಲ್ಲ, ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಹತ್ತಿದರೆ ಅರ್ಧ ಗಂಟೆಯ ಮಾತು.

ಈ ದೂರ ಗೊತ್ತಾದ ಮೇಲೆ ಉಳಿದ ಲೆಕ್ಕ ಮಾಡುವುದು ಸುಲಭ. ನಾವು ಎರಡು ರೀತಿಯಲ್ಲೂ ಹೋಗಿ ಬಂದಿದ್ದೇವೆ, ಎಲ್ಲವನ್ನೂ ಕ್ರೂಸ್ ಕಂಪನಿಗೇ ಒಪ್ಪಿಸಿಯೂ, ಎಲ್ಲವನ್ನೂ ನಾವೇ ಬುಕ್ ಮಾಡಿಕೊಂಡೂ. ಈಗ ನಾನು ಮಾಡುವುದು ಎರಡನ್ನೂ ಬೆರೆಸಿ: ಹೋಗುವಾಗ ಎಲ್ಲ ನಮ್ಮದೇ, ಬರುವಾಗ ಬಂದರಿನಿಂದ ಹಡಗಿನ ಬಸ್ಸು, ಅಂದರೆ ಕ್ರೂಸ್ ಕಂಪನಿಯೇ ಗೊತ್ತುಮಾಡಿದ ಬಸ್ಸು. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ವಿಮಾನ. ದೊಡ್ಡ ಕ್ರೂಸ್ ಕಂಪನಿಗಳಲ್ಲಿ ವಿಮಾನ ಬುಕ್ ಮಾಡಿಕೊಡುವ ವಿಭಾಗವೇ ಇರುತ್ತದೆ. ರಾಯಲ್ ಕೆರಿಬಿಯನ್‌ನವರದು ಏರ್‌ಟುಸೀ, ಪ್ರಿನ್ಸೆಸ್‌ನವರದು ಈಜಿಏರ್. ಇವುಗಳ ದೊಡ್ಡ ಅನುಕೂಲ ಏನೆಂದರೆ ವಿಮಾನ ತಡವಾದರೆ ನಿಮ್ಮನ್ನು ಹೇಗಾದರೂ ಮಾಡಿ ಹಡಗಿಗೆ ತಲುಪಿಸುವ ಹೊಣೆ ಅವರು ಹೊರುತ್ತಾರೆ, ಬೇಕಾದರೆ ಮುಂದಿನ ಬಂದರಿಗಾದರೂ ಕಳಿಸುತ್ತಾರೆ. ಇನ್ನೊಂದು ಅನುಕೂಲ, ಒಂದು ಊರಿನಲ್ಲಿ ಹತ್ತಿ ಇನ್ನೊಂದು ಊರಿನಲ್ಲಿ ಇಳಿಯುವ ಕ್ರೂಸ್ ಆದರೆ ಅವರ ಒನ್‌ವೇ ದರ ಎಷ್ಟೋ ಸಲ ನಮಗೆ ಸಿಗುವುದಕ್ಕಿಂತ ಕಡಿಮೆ ಇರುತ್ತದೆ. ತೊಂದರೆ ಬರುವುದು ಬದಲಾವಣೆ ಬೇಕಾದಾಗ. ಸೀಟು ಬದಲಿಸಬೇಕು ಅಂತ ಏರ್‌ಲೈನ್‌ಗೆ ಫೋನ್ ಮಾಡಿದರೆ ನಿಮ್ಮ ಬುಕಿಂಗ್ ಮಾಡಿದವರನ್ನೇ ಕೇಳಿ ಅಂದರು, ಅವರನ್ನು ಕೇಳಿದರೆ ಏರ್‌ಲೈನ್‌ನವರ ಕೈಲಿದೆ ಅಂದರು. ಸುಮ್ನೆ ಎರಡು ಕಡೆ ಫೋನ್ ಹಿಡಿದು ಕೂತಿದ್ದೇ ಆಯ್ತು. ದಾರಿಯೂ ಅಷ್ಟೇ, ಒಂದು ಕಡೆ ವಿಮಾನ ಬದಲಿಸಿದರೆ ಸಾಕಾಗುವ ಪ್ರಯಾಣಕ್ಕೆ ಎರಡು ಕಡೆ ಬದಲಿಸುವ ಟಿಕೆಟ್ ಬಂದಿತ್ತು.

ನಾವೇ ಬುಕ್ ಮಾಡಿದಾಗ ಸಮಯ, ಏರ್‌ಲೈನ್, ಸೀಟು ಎಲ್ಲ ನಮ್ಮ ಇಷ್ಟ. ಆದರೆ ಒಂದು ಷರತ್ತು, ಇದನ್ನು ನಾನು ಒತ್ತಿ ಹೇಳುತ್ತೇನೆ: ಮನೆಯಿಂದ ಹೊರಟು ಕೊನೆಯ ವಿಮಾನ ಇಳಿಯುವವರೆಗೆ ಎಲ್ಲ ಹಂತಗಳೂ ಒಂದೇ ಟಿಕೆಟ್‌ನಲ್ಲಿ ಇರಬೇಕು. ದೂರದ ವಿಮಾನ ಒಂದು ಕಂಪನಿಯದು, ಕೊನೆಯ ಸಣ್ಣ ಹಂತ ಅಗ್ಗದ ಇನ್ನೊಂದು ಕಂಪನಿಯದು ಅಂತ ಬೇರೆ ಬೇರೆ ಟಿಕೆಟ್ ತೆಗೆದುಕೊಂಡರೆ ಹಣ ಉಳಿಯುತ್ತದೆ ನಿಜ. ಆದರೆ ಮೊದಲನೆಯದು ತಡವಾದರೆ ಎರಡನೆಯವರಿಗೆ ನೀವು ಯಾರೋ ಏನೋ, ಟಿಕೆಟ್ ಹೋದ ಹಾಗೇ ಲೆಕ್ಕ. ಜೊತೆಗೆ ಮಧ್ಯದ ಊರಿನಲ್ಲಿ ಲಗೇಜ್ ಎತ್ತಿಕೊಂಡು ಹೊರಗೆ ಬಂದು ಮತ್ತೆ ಚೆಕ್‌ಇನ್ ಮಾಡಬೇಕು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ಒಂದೇ ಟಿಕೆಟ್ ಇದ್ದ ನಮ್ಮ ಪ್ರಯಾಣದಲ್ಲಿ ಕನೆಕ್ಟಿಂಗ್ ವಿಮಾನ ತಪ್ಪಿತ್ತು. ಇಳಿಯುವಷ್ಟರಲ್ಲಿ ಮುಂದಿನ ವಿಮಾನದ ಬೋರ್ಡಿಂಗ್ ಪಾಸ್ ಸಿದ್ಧವಾಗಿತ್ತು, ಒಂದು ಪೈಸೆ ಜಾಸ್ತಿ ಕೇಳಲಿಲ್ಲ. ಹಡಗು ಮರುದಿನ ಇದ್ದದ್ದರಿಂದ ರಾತ್ರಿ ತಡವಾಗಿ ತಲುಪಿದರೂ ಏನೂ ಆಗಲಿಲ್ಲ.

ಹತ್ತುವ ಊರು, ಇಳಿಯುವ ಊರು ಬೇರೆ ಇದ್ದರೆ ಎರಡು ಒನ್‌ವೇ ಟಿಕೆಟ್ ಹುಡುಕಬೇಡಿ. ಏರ್‌ಲೈನ್ ಸೈಟ್‌ನಲ್ಲಿ ಮಲ್ಟಿಸಿಟಿ ಅನ್ನುವ ಆಯ್ಕೆ ಇರುತ್ತದೆ, ಅದರಲ್ಲಿ ನೋಡಿ. ಅಲ್ಲೂ ದುಬಾರಿ ಅನಿಸಿದರೆ ಆಗ ಕ್ರೂಸ್ ಕಂಪನಿಯ ದರ ಕೇಳಬಹುದು.

ವಿಮಾನ ತಡವಾದರೆ ಪರಿಹಾರ ಸಿಗುತ್ತದಲ್ವಾ ಅಂತ ಕೆಲವರು ಕೇಳುತ್ತಾರೆ. ಯುರೋಪಿಯನ್ ಒಕ್ಕೂಟದ 261/2004 ನಿಯಮದಂತೆ ಮೂರು ಗಂಟೆಗಿಂತ ತಡವಾದರೆ, ತಪ್ಪು ಏರ್‌ಲೈನ್‌ನದೇ ಆಗಿದ್ದರೆ, ದೂರ ನೋಡಿಕೊಂಡು 250ರಿಂದ 600 ಯುರೋ ಕೊಡಬೇಕು. ಆದರೆ ಹೊರಗಿನಿಂದ ಯುರೋಪಿಗೆ ಬರುವ ವಿಮಾನಕ್ಕೆ ಇದು ಅನ್ವಯಿಸಬೇಕಾದರೆ ಏರ್‌ಲೈನ್ ಅಲ್ಲಿನದೇ ಆಗಿರಬೇಕು. ತಪ್ಪಿಹೋದ ಕ್ರೂಸ್‌ನ ಹಣವನ್ನಂತೂ ಈ ನಿಯಮ ತುಂಬಿಕೊಡುವುದಿಲ್ಲ. ಅದಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಬೇಕು, ಅದರಲ್ಲೂ ಹಡಗು ತಪ್ಪಿದರೆ ಏನು ಕೊಡುತ್ತಾರೆ ಅಂತ ಓದಿಯೇ ತೆಗೆದುಕೊಳ್ಳಬೇಕು.

'ತಪ್ಪಿದರೆ ಮುಂದಿನ ಬಂದರಿನಲ್ಲಿ ಹತ್ತಿದರಾಯ್ತು' ಅನ್ನುವುದೂ ಎಲ್ಲ ಕಡೆ ನಡೆಯುವ ಮಾತಲ್ಲ. ಅಮೆರಿಕದಲ್ಲಿ 1886ರ ಕಾಯಿದೆಯೊಂದಿದೆ. ವಿದೇಶಿ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಅಮೆರಿಕದ್ದೇ ಇನ್ನೊಂದು ಬಂದರಿನಲ್ಲಿ ಇಳಿಸಬೇಕಾದರೆ, ನಡುವೆ ದೂರದ ವಿದೇಶಿ ಬಂದರು ಮುಟ್ಟಿರಬೇಕು. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಅಲಾಸ್ಕಾ ಕ್ರೂಸ್ ತಪ್ಪಿಸಿಕೊಂಡು ಅಲಾಸ್ಕಾದ ಜೂನೋದಲ್ಲಿ ಹತ್ತುತ್ತೇನೆ ಅಂದರೆ, ಹತ್ತುವ ಬಂದರು ಜೂನೋ, ಇಳಿಯುವುದು ಸಿಯಾಟಲ್ ಅಂತಾಗಿ ಇದೇ ಕಾಯಿದೆ ಅಡ್ಡ ಬರುತ್ತದೆ.

ಹಾಗಾಗಿ ಒಂದು ದಿನ ಮೊದಲು ತಲುಪುವುದೋ ಅದೇ ದಿನವೋ ಅನ್ನುವ ಪ್ರಶ್ನೆಗೆ ನನ್ನದು ಒಂದೇ ಉತ್ತರ, ಒಂದು ದಿನ ಮೊದಲು. ಹಡಗು ಹೊರಡುವ ಒಂದು, ಒಂದೂವರೆ ಗಂಟೆ ಮೊದಲೇ ಚೆಕ್‌ಇನ್ ಮುಚ್ಚುತ್ತಾರೆ. ಲಗೇಜ್ ಬಾರದೇ ಹೋದರೂ ಬಂದು ಸೇರಲು ಒಂದು ದಿನ ಸಿಗುತ್ತದೆ.

ಈಗ ಹೋಟೆಲ್. ಇಲ್ಲಿ ಎಲ್ಲ ಊರಿಗೂ ಒಂದೇ ಉತ್ತರ ಇಲ್ಲ. ರೋಮ್ ಕಡೆಯಿಂದ ಹೊರಡುವಾಗ ನಾವು ವಿಮಾನ ನಿಲ್ದಾಣದ ಪಕ್ಕ, ಬಂದರಿನ ಊರಿನಲ್ಲಿ, ನಗರದೊಳಗೆ, ಹೀಗೆ ಮೂರೂ ಕಡೆ ಉಳಿದು ನೋಡಿದ್ದೇವೆ. ವಿಮಾನ ನಿಲ್ದಾಣದ ಹೋಟೆಲ್ ಅರ್ಧರಾತ್ರಿ ಇಳಿಯುವವರಿಗೆ ಮಾತ್ರ. ಚಿವಿತಾವೆಕ್ಕಿಯಾದಲ್ಲಿ ಉಳಿದರೆ ಮನಸ್ಸಿಗೆ ನಿರಾಳ. ಬೆಳಿಗ್ಗೆ ಮಿಕೆಲಾಂಜೆಲೊ ಹೆಸರಿನ ಕೋಟೆಯ ಪಕ್ಕ ನಡೆದುಕೊಂಡು ಹೋದರೆ ದೂರದಲ್ಲಿ ನಿಮ್ಮ ಹಡಗು ಆಗಲೇ ಬಂದು ನಿಂತಿರುತ್ತದೆ, ಅದನ್ನು ನೋಡುವ ಖುಷಿಯೇ ಬೇರೆ. ಆದರೆ ರೋಮ್‌ವರೆಗೆ ಹೋಗಿ ರೋಮ್ ನೋಡದ ಹಾಗೆ ಆಗುತ್ತದೆ. ನಗರದಲ್ಲಿ ಉಳಿಯುವವರೆಲ್ಲ ಟರ್ಮಿನಿ ರೈಲು ನಿಲ್ದಾಣದ ಹತ್ತಿರ ಹುಡುಕುತ್ತಾರೆ. ನಾನು ಸಾನ್ ಪಿಯೆತ್ರೊ ನಿಲ್ದಾಣದ ಹತ್ತಿರ ಹುಡುಕಿ ಅನ್ನುತ್ತೇನೆ. ಅದು ಚಿವಿತಾವೆಕ್ಕಿಯಾಗೆ ಹೋಗುವ ಎಫ್‌ಎಲ್5 ಅನ್ನುವ ಸ್ಥಳೀಯ ರೈಲಿನ ದಾರಿಯಲ್ಲೇ ಇದೆ, ಸಂಜೆ ವ್ಯಾಟಿಕನ್‌ಗೆ ನಡೆದೇ ಹೋಗಬಹುದು. ಟರ್ಮಿನಿ ತುಂಬ ದೊಡ್ಡದು. ಈ ರೈಲುಗಳು ಅಲ್ಲಿ ಸಾಮಾನ್ಯವಾಗಿ ತುದಿಯ ಪ್ಲಾಟ್‌ಫಾರ್ಮ್‌ಗಳಿಂದ ಹೊರಡುತ್ತವೆ. ಎರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಜನರ ನಡುವೆ ಅಲ್ಲಿಯವರೆಗೆ ಹೋಗುವಷ್ಟರಲ್ಲಿ ಸುಸ್ತು.

ಸೌತಾಂಪ್ಟನ್‌ಗೆ ಇದು ತಿರುಗುಮುರುಗು. ಅಲ್ಲಿ ಬಂದರಿನ ಊರಿನಲ್ಲೇ ಉಳಿಯುವುದು ವಾಸಿ. ಲಂಡನ್‌ನ ಹೀಥ್ರೋ ವಿಮಾನ ನಿಲ್ದಾಣದಿಂದ ನೇರ ಕೋಚ್ ಬಸ್ಸು ಸಿಗುತ್ತದೆ, ಲಂಡನ್ ನಗರದೊಳಗೆ ಹೋಗುವ ಕೆಲಸವೇ ಇಲ್ಲ. ಆದರೆ ಬಂದರಿನ ಪಕ್ಕದ ಹೋಟೆಲ್ ಅಂತ ಜಾಹೀರಾತು ನೋಡಿ ಮರುಳಾಗಬೇಡಿ. ಅಲ್ಲಿ ಓಷನ್, ಮೇಫ್ಲವರ್, ಕ್ವೀನ್ ಎಲಿಜಬೆತ್ 2, 2021ರಲ್ಲಿ ಶುರುವಾದ ಹೊರೈಜನ್, ಹೀಗೆ ಹಲವು ಟರ್ಮಿನಲ್‌ಗಳಿವೆ, ಒಂದಕ್ಕೊಂದು ಹತ್ತಿರ ಇಲ್ಲ. ನಿಮ್ಮ ಹಡಗು ಯಾವುದರಲ್ಲಿ ಅಂತ ನೋಡಿಕೊಂಡು ಹೋಟೆಲ್ ಹಿಡಿಯಿರಿ. ಬಾರ್ಸಿಲೋನಾದಲ್ಲಿ ಎಲ್ಲಿ ಬೇಕಾದರೂ ಉಳಿಯಿರಿ, ಟ್ಯಾಕ್ಸಿ ಹತ್ತಿ ಟರ್ಮಿನಲ್‌ನ ಅಕ್ಷರ (ಎ, ಬಿ, ಹೀಗೆ) ಹೇಳಿದರೆ ಸಾಕು.

ಬಂದರಿಗೆ ಹೋಗುವ ದಾರಿಯ ವಿಷಯದಲ್ಲಿ ನನಗೆ ಹೇಳುವುದು ಜಾಸ್ತಿ ಇದೆ. ಹಡಗಿನ ಬಸ್ಸಿಗೆ ತಲೆಗಿಷ್ಟು ಅಂತ ದುಡ್ಡು. ಒಬ್ಬರೇ ಇದ್ದರೆ ಪರವಾಗಿಲ್ಲ, ನಾಲ್ಕು ಜನ ಇದ್ದರೆ ಮೊದಲೇ ಬುಕ್ ಮಾಡಿದ ಕಾರಿಗೂ ಹೆಚ್ಚುಕಮ್ಮಿ ಅಷ್ಟೇ ಆಗುತ್ತದೆ, ಕೆಲವೊಮ್ಮೆ ಕಾರೇ ಕಡಿಮೆ. ಅಲ್ಲದೆ ವಿಮಾನ ನಿಲ್ದಾಣದಿಂದ ಹೋಗುವ ಬಸ್ಸು ಉಳಿದ ವಿಮಾನಗಳ ಜನರಿಗಾಗಿ ಕಾಯುತ್ತದೆ. ರಾತ್ರಿಯೆಲ್ಲ ನಿದ್ದೆ ಇಲ್ಲದೆ ಬಂದವರಿಗೆ ಆ ಕಾಯುವಿಕೆ ಹಿಂಸೆ. ಕಾರಿನವರಿಗೆ ವಿಮಾನದ ನಂಬರ್ ಕೊಟ್ಟಿದ್ದರೆ ತಡವಾದರೂ ಹೆಸರಿನ ಬೋರ್ಡ್ ಹಿಡಿದು ನಿಂತಿರುತ್ತಾರೆ.

ರೈಲು ಎಲ್ಲದಕ್ಕಿಂತ ಅಗ್ಗ. ರೋಮ್‌ನ ಫ್ಯುಮಿಚಿನೊ ವಿಮಾನ ನಿಲ್ದಾಣದಿಂದಲೇ ನೇರ ಬಂದರಿಗೆ ಹೋಗುವವರು ಎಫ್‌ಎಲ್1 ರೈಲಿನಲ್ಲಿ ತ್ರಾಸ್ತೆವೆರೆ ನಿಲ್ದಾಣಕ್ಕೆ ಬಂದು ಅಲ್ಲಿ ಎಫ್‌ಎಲ್5 ಹತ್ತಬೇಕು. ಸ್ಥಳೀಯ ರೈಲಿನ ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನ ಮೆಷಿನ್‌ಗೆ ತೂರಿಸಿ ಮುದ್ರೆ ಹಾಕಿಸಲೇಬೇಕು. ಟಿಕೆಟ್ ಕೈಲಿದ್ದರೂ ಮುದ್ರೆ ಇಲ್ಲ ಅಂತ ದಂಡ ಕಟ್ಟಿದವರನ್ನು ಎದುರಿನ ಸೀಟಿನಲ್ಲೇ ನೋಡಿದ್ದೇನೆ. ಚಿವಿತಾವೆಕ್ಕಿಯಾದಲ್ಲಿ ಇಳಿದ ಮೇಲೂ ಕೆಲಸ ಮುಗಿಯುವುದಿಲ್ಲ, ಲಾರ್ಗೊ ಡೆಲ್ಲಾ ಪಾಚೆ ಅನ್ನುವ ಜಾಗಕ್ಕೆ ಹೋಗಿ ಅಲ್ಲಿಂದ ಶಟಲ್ ಬಸ್ಸಿನಲ್ಲಿ ಹಡಗಿನ ಬಳಿಗೆ ಹೋಗಬೇಕು. ಒಂದು ರಾತ್ರಿ ನಿದ್ದೆ ಮಾಡಿ, ಬೆಳಿಗ್ಗೆ ಸಾವಕಾಶವಾಗಿ ಹೊರಟವರಿಗೆ ಇದು ಕಷ್ಟವಲ್ಲ. ಒಂದು ರೈಲು ತಪ್ಪಿದರೆ ಇನ್ನೊಂದು. ಹೋಗುವಾಗ ನನ್ನ ಮೊದಲ ಆಯ್ಕೆ ರೈಲೇ.

ಬರುವಾಗ ಮಾತ್ರ ಬೇಡ. ಇಟಲಿಯಲ್ಲಿ ರೈಲು ಮುಷ್ಕರ ಆಗಾಗ ಇರುತ್ತದೆ, ಮೊದಲೇ ತಿಳಿಸಿರುತ್ತಾರೆ. ಕೆಲಸದ ದಿನಗಳ ಮುಷ್ಕರದಲ್ಲೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಸ್ಥಳೀಯ ರೈಲುಗಳನ್ನು ಓಡಿಸಲೇಬೇಕು ಅನ್ನುವ ನಿಯಮ ಇದೆ. ಹಡಗಿನಿಂದ ಇಳಿದು, ಲಗೇಜ್ ಹಿಡಿದು, ಶಟಲ್ ಹತ್ತಿ ನಿಲ್ದಾಣ ಮುಟ್ಟುವಾಗ ಗಂಟೆ ಸರಿಯಾಗಿ 9 ದಾಟಿರುತ್ತದೆ. ನಾವು ಇಳಿದದ್ದು ಅಂಥದ್ದೇ ಒಂದು ದಿನ. ಬೋರ್ಡಿನಲ್ಲಿ ರೈಲುಗಳ ಹೆಸರಿನ ಮುಂದೆ ಸಾಲಾಗಿ ರದ್ದು ಅಂತ ಬರುತ್ತಿತ್ತು. ಹೊರಗೆ ಟ್ಯಾಕ್ಸಿ ಸಾಲು ರಸ್ತೆಯ ತಿರುವಿನವರೆಗೆ ಇತ್ತು.

ಹಡಗಿನ ಬಸ್ಸಿನ ಬೆಲೆ ಗೊತ್ತಾಗುವುದು ಈ ದಿನ. ಹಿಂದಿನ ರಾತ್ರಿ ಕ್ಯಾಬಿನ್‌ಗೆ ಬಣ್ಣ, ನಂಬರ್ ಇರುವ ಲಗೇಜ್ ಟ್ಯಾಗ್ ಬರುತ್ತದೆ. ಬಸ್ಸಿನವರಿಗೆ ವಿಮಾನದ ಸಮಯ ನೋಡಿ ಟ್ಯಾಗ್ ಕೊಟ್ಟಿರುತ್ತಾರೆ, ಬೇಗ ವಿಮಾನ ಇರುವವರು ಬೇಗ ಇಳಿಯುತ್ತಾರೆ. ಕೆಳಗೆ ಹಾಲ್‌ನಲ್ಲಿ ಸೂಟ್‌ಕೇಸ್‌ಗಳು ಬಣ್ಣದ ಪ್ರಕಾರ ಸಾಲಾಗಿ ನಿಂತಿರುತ್ತವೆ, ಬಾಗಿಲಾಚೆ ಬಸ್ಸು. ಮಂಜಿನಿಂದಲೋ ಗಾಳಿಯಿಂದಲೋ ಹಡಗು ತಡವಾಗಿ ಬಂದರೂ ಬಸ್ಸು ಕಾಯುತ್ತದೆ. ನೀವೇ ಹೇಳಿದ ಕಾರು ಎಷ್ಟು ಹೊತ್ತು ಕಾದೀತು?

ವೀಸಾ ಬಗ್ಗೆ ಒಂದು ಮಾತು. ಷೆಂಗನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕಾದವರು, ಹಡಗು ನಡುವೆ ಟರ್ಕಿಯಂಥ ಹೊರಗಿನ ದೇಶ ಮುಟ್ಟಿ ಮತ್ತೆ ಗ್ರೀಸ್‌ಗೋ ಇಟಲಿಗೋ ಬರುವುದಿದ್ದರೆ ಮಲ್ಟಿಪಲ್ ಎಂಟ್ರಿಯನ್ನೇ, ಅಂದರೆ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಬಹುದಾದ ವೀಸಾವನ್ನೇ, ಕೇಳಿ ತೆಗೆದುಕೊಳ್ಳಿ.

ವಾಪಸ್ ವಿಮಾನದ ಸಮಯವನ್ನೂ ಬಂದರಿನ ದೂರ ನೋಡಿಯೇ ಆರಿಸುತ್ತೇನೆ. ಬಾರ್ಸಿಲೋನಾ ಆದರೆ ಮಧ್ಯಾಹ್ನ 12ರ ನಂತರ ಹೊರಡುವ ವಿಮಾನ ಸಾಕು. ಸೌತಾಂಪ್ಟನ್‌ನಿಂದ ಹೀಥ್ರೋ, ಚಿವಿತಾವೆಕ್ಕಿಯಾದಿಂದ ಫ್ಯುಮಿಚಿನೊ ಆದರೆ 2 ಗಂಟೆಗಿಂತ ಮೊದಲಿನದು ನನಗೆ ಬೇಡ. ರವೆನ್ನಾದಲ್ಲಿ ಇಳಿದು ವೆನಿಸ್‌ನಿಂದ ಹಾರುವುದಾದರೆ ಸಂಜೆಯದು, ಅದು ಸಿಗದಿದ್ದರೆ ಆ ರಾತ್ರಿ ಅಲ್ಲೇ ಉಳಿದು ಮರುದಿನ ಬೆಳಿಗ್ಗೆಯದು.