ಕಾರಿಗೆ ಯಾವ ವ್ಯಾಕ್ಸ್? ಡಬ್ಬಿ, ಬಾಟಲಿ, ಸ್ಪ್ರೇ ಮೂರನ್ನೂ ಒಂದೇ ಬಾನೆಟ್ ಮೇಲೆ ಹಚ್ಚಿ ನೋಡಿದ ಹೋಲಿಕೆ

ಹೊಳಪು ನೋಡಿ ವ್ಯಾಕ್ಸ್ ಕೊಳ್ಳಬೇಡಿ. ನಿಮ್ಮ ಕಾರು ಎಲ್ಲಿ ನಿಲ್ಲುತ್ತದೆ, ಯಾವ ನೀರಲ್ಲಿ ತೊಳೆಯುತ್ತೀರಿ ಅನ್ನೋದನ್ನು ನೋಡಿ ಕೊಳ್ಳಿ. ಹಚ್ಚಿದ ದಿನ ಎಲ್ಲಾ ವ್ಯಾಕ್ಸೂ ಹೊಳೆಯುತ್ತದೆ. ಬಿಸಿಲು, ದೂಳು, ಹಕ್ಕಿ ಹಿಕ್ಕೆ, ಬೋರ್‌ವೆಲ್ ನೀರು ಎಲ್ಲಾ ಬಿದ್ದ ಮೇಲೇ ಯಾವುದು ಎಷ್ಟು ಗಟ್ಟಿ ಅಂತ ಗೊತ್ತಾಗುವುದು.

ನಮ್ಮ ಕಾರು ಕಡುನೀಲಿ. ಬೆಂಗಳೂರಿನಲ್ಲಿ ಮನೆ ಮುಂದೆ ರಸ್ತೆಯಲ್ಲೇ, ಹೊಂಗೆ ಮರದ ಕೆಳಗೆ ನಿಲ್ಲುತ್ತದೆ. ಬೇಸಿಗೆ ಬಂದರೆ ಮೇಲಿಂದ ಹೂವು, ಎಲೆಯ ಮೇಲಿನ ಹುಳುಗಳು ಬಿಡುವ ಜಿಗುಟು, ಜೊತೆಗೆ ಹಕ್ಕಿಗಳ ಕಾಣಿಕೆ. ಮಧ್ಯಾಹ್ನ ನೆರಳು ಆಚೆ ಸರಿದರೆ ಬಾನೆಟ್ ಮೇಲೆ ಕೈ ಇಡೋಕೆ ಆಗೋದಿಲ್ಲ. ವ್ಯಾಕ್ಸ್ ಪರೀಕ್ಷೆ ಮಾಡೋಕೆ ಇದಕ್ಕಿಂತ ಕಷ್ಟದ ಜಾಗ ಬೇಕಿಲ್ಲ.

ಬೇಸಿಗೆ ಶುರುವಾಗುವ ಮುಂಚೆ ಬಾನೆಟ್‌ಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಮೂರು ಪಾಲು ಮಾಡಿದೆ. ಎಡಕ್ಕೆ ಡಬ್ಬಿಯಲ್ಲಿ ಬರುವ ಕಾರ್ನೌಬಾ ಪೇಸ್ಟ್ ವ್ಯಾಕ್ಸ್. ನಡುವೆ ಬಾಟಲಿಯ ಸಿಂಥೆಟಿಕ್ ಸೀಲೆಂಟ್. ಬಲಕ್ಕೆ ಸೆರಾಮಿಕ್ ಸ್ಪ್ರೇ. ತುದಿಯಲ್ಲಿ ಒಂದು ಪಟ್ಟಿಯನ್ನು ಏನೂ ಹಚ್ಚದೆ ಬಿಟ್ಟೆ. ಬೇಸಿಗೆ ಕಳೆದು ಮಳೆಗಾಲ ಮುಗಿಯುವ ತನಕ ನಾಲ್ಕೂ ಭಾಗಕ್ಕೆ ಒಂದೇ ಶಾಂಪೂ, ಒಂದೇ ನೀರು, ಒಂದೇ ಬಟ್ಟೆ. ಇಲ್ಲಿ ಕಂಪನಿಗಳ ಹೆಸರಿಗಿಂತ ಬಗೆ ಮುಖ್ಯ. ಟರ್ಟಲ್ ವ್ಯಾಕ್ಸ್, ಸೋನಾಕ್ಸ್ ತರಹದ ದೊಡ್ಡ ಕಂಪನಿಗಳು ಮೂರೂ ಬಗೆ ಮಾಡುತ್ತವೆ. ಮೊದಲು ಬಗೆ ಗೊತ್ತು ಮಾಡಿಕೊಂಡರೆ ಅಂಗಡಿಯಲ್ಲಿ ಗೊಂದಲ ಆಗೋದಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ವ್ಯಾಕ್ಸ್ ಗೀರು ತೆಗೆಯುವುದಿಲ್ಲ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಕೂದಲಿಗಿಂತ ತೆಳು. ರಬ್ಬಿಂಗ್ ಕಾಂಪೌಂಡ್, ಪಾಲಿಶ್ ಇವು ಆ ಪದರವನ್ನೇ ಸ್ವಲ್ಪ ಸ್ವಲ್ಪ ತೇಯ್ದು ಗೀರು ಕಾಣದ ಹಾಗೆ ಮಾಡುತ್ತವೆ. ವ್ಯಾಕ್ಸ್ ಏನನ್ನೂ ತೇಯುವುದಿಲ್ಲ, ಮೇಲೆ ಒಂದು ಪೊರೆ ಕೂರಿಸುತ್ತದೆ ಅಷ್ಟೇ. ಪ್ರತಿ ತಿಂಗಳು ಕಾಂಪೌಂಡ್ ಉಜ್ಜಿ ಕಾರು ಚೆನ್ನಾಗಿಟ್ಟುಕೊಂಡಿದ್ದೇನೆ ಅಂದುಕೊಳ್ಳುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಹೋದ ಕ್ಲಿಯರ್ ಕೋಟ್ ಮತ್ತೆ ಬರೋದಿಲ್ಲ. ಡಬ್ಬಿ ಮೇಲೆ ‘ಕ್ಲೀನರ್ ವ್ಯಾಕ್ಸ್’ ಅಂತ ಇದ್ದರೆ ಅದರಲ್ಲೂ ಸಾಮಾನ್ಯವಾಗಿ ತೇಯುವ ಪುಡಿಯೋ ಕೊಳೆ ಕರಗಿಸುವ ದ್ರಾವಕವೋ ಇರುತ್ತದೆ, ಓದಿ ಕೊಳ್ಳಿ.

ಇನ್ನು ತಯಾರಿ. ವ್ಯಾಕ್ಸ್ ಹಚ್ಚುವುದಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ. ಮೊದಲು ಸುಮ್ನೆ ನೀರು ಹಾಯಿಸಿ ದೂಳು ಇಳಿಸಬೇಕು. ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಒಂದೇ ಬಕೆಟ್ ಆದರೆ ಅದೇ ಮರಳನ್ನು ಮತ್ತೆ ಕಾರಿಗೆ ಉಜ್ಜಿದ ಹಾಗೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಹಳೆ ವ್ಯಾಕ್ಸ್ ಎದ್ದುಹೋಗುತ್ತದೆ. ಹೊಸ ವ್ಯಾಕ್ಸ್ ಹಚ್ಚುವ ಮುಂಚೆ ಒಮ್ಮೆ ಪರವಾಗಿಲ್ಲ, ವಾರವಾರ ಬೇಡ.

ತೊಳೆದ ಮೇಲೆ ತೆಳು ಪ್ಲಾಸ್ಟಿಕ್ ಕವರನ್ನು ಕೈಗೆ ಹಾಕಿಕೊಂಡು ಬಾನೆಟ್ ಮೇಲೆ ಮೆಲ್ಲಗೆ ಆಡಿಸಿ. ಬರಿಗೈಗೆ ನುಣ್ಣಗೆ ಅನಿಸಿದ ಜಾಗ ಕವರಿನಲ್ಲಿ ಮರಳು ಕಾಗದದ ಹಾಗೆ ತರಿತರಿ ಅನಿಸುತ್ತದೆ. ಅದು ಮರದ ಜಿಗುಟು, ಬ್ರೇಕ್‌ನಿಂದ ಹಾರುವ ಕಬ್ಬಿಣದ ಪುಡಿ, ಟಾರಿನ ಚುಕ್ಕಿ. ಇದಕ್ಕೆ ಕ್ಲೇ ಬಾರ್, ಅಂದರೆ ಕೊಳೆಯನ್ನು ಅಂಟಿಸಿಕೊಂಡು ಎತ್ತುವ ಜೇಡಿಮಣ್ಣಿನಂಥ ಮೆತ್ತನೆ ಉಂಡೆ ಬೇಕು. ಶಾಂಪೂ ನೀರು ಚೆನ್ನಾಗಿ ಚಿಮುಕಿಸಿ, ಒತ್ತದೆ ಜಾರಿಸಬೇಕು. ಕ್ಲೇ ನೆಲಕ್ಕೆ ಬಿದ್ದರೆ ಎಷ್ಟೇ ಹೊಸದಾದರೂ ಎಸೆಯಿರಿ, ಅಂಟಿದ ಒಂದು ಮರಳ ಕಣ ಸಾಕು ಗೀರಾಗೋಕೆ.

ಈಗ ಎಡಭಾಗದ ಕಾರ್ನೌಬಾ. ಇದು ಬ್ರೆಜಿಲ್ ದೇಶದ ಈಶಾನ್ಯದ ಒಣ ಸೀಮೆಯಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ. ಬಿಸಿಲಿಗೆ ನೀರು ಆರಿಹೋಗದಿರಲಿ ಅಂತ ಮರವೇ ಎಲೆ ಮೇಲೆ ಮೇಣ ಕಟ್ಟಿಕೊಳ್ಳುತ್ತದೆ. ಎಲೆ ಕೊಯ್ದು, ಒಣಗಿಸಿ, ಬಡಿದು ಅದನ್ನು ಉದುರಿಸುತ್ತಾರೆ. ಸಸ್ಯಗಳಿಂದ ಸಿಗುವ ಮೇಣಗಳಲ್ಲಿ ಇಷ್ಟು ಗಟ್ಟಿ ಇನ್ನೊಂದಿಲ್ಲ ಅನ್ನಬಹುದು, ಕರಗೋಕೆ 82ರಿಂದ 86 ಡಿಗ್ರಿ ಬೇಕು. ಆದರೆ ಡಬ್ಬಿಯಲ್ಲಿ ಇರುವುದು ಶುದ್ಧ ಕಾರ್ನೌಬಾ ಅಲ್ಲ. ಹಾಗಿದ್ದರೆ ಹಚ್ಚೋಕೇ ಬರುತ್ತಿರಲಿಲ್ಲ. ಎಣ್ಣೆ, ದ್ರಾವಕ, ಬೇರೆ ಮೆತ್ತನೆ ಮೇಣ ಎಲ್ಲಾ ಸೇರಿರುತ್ತದೆ. ‘100% ಕಾರ್ನೌಬಾ’ ಅಂತ ದೊಡ್ಡಕ್ಷರದಲ್ಲಿ ಬರೆದಿದ್ದಕ್ಕೆ ಮರುಳಾಗಬೇಡಿ.

ಹಚ್ಚುವ ಖುಷಿಯಲ್ಲಿ ಇದನ್ನು ಮೀರಿಸುವುದು ಇಲ್ಲ. ಸ್ಪಂಜನ್ನು ಡಬ್ಬಿಯಲ್ಲಿ ಒಂದು ಸುತ್ತು ತಿರುಗಿಸಿ, ದೋಸೆ ಹೆಂಚಿಗೆ ಎಣ್ಣೆ ಸವರುವ ಹಾಗೆ, ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ ಸವರಬೇಕು. ಐದು-ಹತ್ತು ನಿಮಿಷಕ್ಕೆ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಬೆರಳಿಂದ ಒಂದು ಗೆರೆ ಎಳೆದು ನೋಡಿ. ಕೆಳಗೆ ಬಣ್ಣ ಸ್ವಚ್ಛವಾಗಿ ಕಂಡರೆ ಒರೆಸಬಹುದು, ಬೆರಳಿಗೆ ಮೆತ್ತಿಕೊಂಡರೆ ಇನ್ನೂ ಕಾಯಿರಿ. ದಪ್ಪ ಬಳಿದರೆ ರಕ್ಷಣೆ ಜಾಸ್ತಿ ಆಗೋದಿಲ್ಲ, ಒರೆಸುವಾಗ ತೋಳು ಬಿದ್ದುಹೋಗುತ್ತದೆ ಅಷ್ಟೇ.

ಒರೆಸಿದ ಮೇಲೆ ಕಡುನೀಲಿ ಬಣ್ಣಕ್ಕೆ ಬಂದ ಆಳವನ್ನು ಏನು ಹೇಳಲಿ! ಪಕ್ಕದ ಎರಡು ಭಾಗಕ್ಕೆ ಅದು ಬರಲೇ ಇಲ್ಲ. ಸಂಜೆ ಬೆಳಕಲ್ಲಿ ಆ ಒಂದು ಪಾಲು ಬೇರೆಯೇ ಕಾಣುತ್ತಿತ್ತು. ಆದರೆ ಬೇಸಿಗೆ ಮುಗಿಯುವಷ್ಟರಲ್ಲಿ ಆ ಚೆಲುವು ಹೋಯಿತು. ಮೊದಲ ಮಳೆ ಬಿದ್ದಾಗ ಅಲ್ಲಿ ನೀರು ಹನಿಯಾಗಿ ನಿಲ್ಲದೆ ಅಗಲವಾಗಿ ಹರಡಿಕೊಂಡಿತು, ಏನೂ ಹಚ್ಚದ ಪಟ್ಟಿಯ ಹಾಗೆಯೇ. ಬಿಸಿಲಲ್ಲಿ ನಿಲ್ಲುವ ಕಾರಿಗೆ ಕಾರ್ನೌಬಾ ಆರೆಂಟು ವಾರಕ್ಕಿಂತ ಜಾಸ್ತಿ ಬಾಳುವುದು ಕಷ್ಟ. ಬಿಸಿಯಾದ ದಿನಗಳಲ್ಲಿ ದೂಳೂ ಆ ಭಾಗಕ್ಕೇ ಹೆಚ್ಚು ಅಂಟುತ್ತಿತ್ತು.

ನಡುವಿನ ಸೀಲೆಂಟ್ ನೋಡೋಕೆ ಅಷ್ಟೇನೂ ಆಕರ್ಷಕ ಅಲ್ಲ. ಇದು ಕಾರ್ಖಾನೆಯಲ್ಲಿ ಮಾಡಿದ ಪಾಲಿಮರ್. ಹೊಳಪು ಗಾಜಿನದು, ಚೊಕ್ಕಟ, ಸ್ವಲ್ಪ ತಣ್ಣಗೆ. ಹಚ್ಚೋಕೆ ಸುಲಭ, ಒರೆಸೋಕೆ ಇನ್ನೂ ಸುಲಭ. ಒಂದೇ ಕಟ್ಟುಪಾಡು ಅಂದರೆ ಒರೆಸಿದ ಮೇಲೂ ಅದು ಗಟ್ಟಿಯಾಗಿ ಕೂರೋಕೆ ಹೊತ್ತು ಬೇಕು. ಹಲವು ಬಾಟಲಿಗಳ ಮೇಲೆ 12 ಗಂಟೆ ನೀರು ತಾಗಿಸಬೇಡಿ ಅಂತ ಬರೆದಿರುತ್ತದೆ. ಹಾಗಾಗಿ ಮೋಡ ಕಂಡ ದಿನ ಇದರ ತಂಟೆಗೆ ಹೋಗಬೇಡಿ.

ಬೇಸಿಗೆಯಲ್ಲಿ ಇದರ ಬೆಲೆ ತಿಳಿಯಿತು. ಮಧ್ಯಾಹ್ನದ ಬಿಸಿಲು ಇದನ್ನು ಅಲುಗಾಡಿಸಲಿಲ್ಲ. ಹೊಂಗೆಯ ಜಿಗುಟು ಒದ್ದೆ ಬಟ್ಟೆಗೆ ಬಂದುಬಿಡುತ್ತಿತ್ತು. ಏನೂ ಹಚ್ಚದ ಪಟ್ಟಿಯಲ್ಲಿ ಅದೇ ಜಿಗುಟಿಗೆ ಎರಡೆರಡು ಸಲ ಶಾಂಪೂ ಬೇಕಾಯಿತು. ಮಳೆಗಾಲದ ಕೊನೆಗೂ ನಡುಭಾಗದಲ್ಲಿ ನೀರು ಜಾರಿಹೋಗುತ್ತಿತ್ತು. ಹನಿಗಳು ಮೊದಲಿನಷ್ಟು ದುಂಡಗೆ ಇರಲಿಲ್ಲ ನಿಜ, ಆದರೆ ನಿಲ್ಲುತ್ತಿರಲಿಲ್ಲ.

ಬಲಭಾಗದ ಸೆರಾಮಿಕ್ ಸ್ಪ್ರೇ ಬಗ್ಗೆ ಒಂದು ಮಾತು. ಡಿಟೇಲಿಂಗ್ ಅಂಗಡಿಯಲ್ಲಿ ಸಾವಿರಗಟ್ಟಲೆ ಕೊಟ್ಟು ಮಾಡಿಸುವ ಸೆರಾಮಿಕ್ ಕೋಟಿಂಗ್ ಇದಲ್ಲ. ಅದು ಸ್ಪ್ರೇಗಿಂತ ಗಟ್ಟಿಯಾದ, ದಪ್ಪನೆಯ ಪದರ, ವರ್ಷಗಟ್ಟಲೆ ಇರುತ್ತದೆ. ಸ್ಪ್ರೇಯಲ್ಲಿ ಅದೇ ಸಿಲಿಕಾ ಜಾತಿಯ ವಸ್ತು ಸ್ವಲ್ಪವೇ ಇರುತ್ತದೆ, ಬಾಳುವುದು ತಿಂಗಳ ಲೆಕ್ಕದಲ್ಲಿ. ಆದರೆ ಹಚ್ಚುವ ಸುಖ ದೊಡ್ಡದು. ಚಿಮುಕಿಸಿ, ಒಂದು ಬಟ್ಟೆಯಲ್ಲಿ ಹರಡಿ, ಇನ್ನೊಂದು ಒಣ ಬಟ್ಟೆಯಲ್ಲಿ ತಕ್ಷಣ ಒರೆಸಿದರೆ ಮುಗಿಯಿತು. ಬಾನೆಟ್ ಬಿಸಿ ಇದ್ದರೆ ಮಾತ್ರ ಒರೆಸುವ ಮುಂಚೆಯೇ ಒಣಗಿ ಗೆರೆಗೆರೆ ಉಳಿಯುತ್ತದೆ. ನೀರು ಹನಿಯಾಗುವ ಚೆಂದದಲ್ಲಿ ಇದು ಮೂರರಲ್ಲೂ ಮುಂದೆ. ಗುಂಡಗೆ, ಎತ್ತರಕ್ಕೆ ಕೂರುವ ಹನಿಗಳು.

ಆ ಹನಿಗಳೇ ನಮ್ಮ ಊರಿನಲ್ಲಿ ತೊಂದರೆ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಕಾರು ತೊಳೆಯೋಕೆ ಸಿಗುವುದು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು. ಅದು ಗಡಸು ನೀರು, ಸುಣ್ಣದಂಶ ಜಾಸ್ತಿ. ಹನಿ ಗುಂಡಗೆ ನಿಂತು ಬಿಸಿಲಿಗೆ ಒಣಗಿದರೆ ಸುಣ್ಣವೆಲ್ಲ ಅಂಚಿಗೆ ಸೇರಿ ಬಿಳಿ ಉಂಗುರ ಆಗುತ್ತದೆ. ಕಡುಬಣ್ಣದ ಕಾರಿನ ಮೇಲೆ ಅದು ಎದ್ದು ಕಾಣುತ್ತದೆ, ಬಿಟ್ಟರೆ ಕ್ಲಿಯರ್ ಕೋಟಿಗೇ ಗುರುತು ಬೀಳುತ್ತದೆ. ನೀರು ಬೆರೆಸಿದ ವಿನೆಗರ್‌ನಿಂದ ಒರೆಸಿದರೆ ಹೊಸ ಕಲೆ ಹೋಗುತ್ತದೆ, ಜೊತೆಗೆ ವ್ಯಾಕ್ಸೂ ಸವೆಯುತ್ತದೆ. ತೊಳೆದ ಕೂಡಲೇ ಒಣಬಟ್ಟೆಯಲ್ಲಿ ಪೂರ್ತಿ ಒರೆಸುವ ಶಿಸ್ತು ಇದ್ದರೆ ಮಾತ್ರ ಸೆರಾಮಿಕ್ ಸ್ಪ್ರೇ ಕೊಳ್ಳಿ. ಕೊನೆಯ ಜಾಲಿಸುವಿಕೆಗೆ ಕಾವೇರಿ ನೀರೋ ಸಂಪಿನಲ್ಲಿ ಹಿಡಿದಿಟ್ಟ ಮಳೆನೀರೋ ಒಂದು ಬಕೆಟ್ ಸಿಕ್ಕರೆ ತುಂಬಾ ಒಳ್ಳೆಯದು. ಮನೆಯಲ್ಲಿ ಮಳೆನೀರು ಕೊಯ್ಲು ಇರುವವರು ಇದನ್ನು ನೆನಪಿಟ್ಟುಕೊಳ್ಳಿ.

ಹಕ್ಕಿ ಹಿಕ್ಕೆಯ ವಿಷಯದಲ್ಲಿ ಮೂರಕ್ಕೂ ಪೂರ್ತಿ ಅಂಕ ಕೊಡೋಕೆ ಆಗೋದಿಲ್ಲ. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ. ಜೊತೆಗೆ ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗುತ್ತದೆ, ತಣ್ಣಗಾಗುವಾಗ ಮೇಲೆ ಒಣಗಿದ ಹಿಕ್ಕೆಯ ಆಕಾರಕ್ಕೇ ಬಿಗಿದುಕೊಳ್ಳುತ್ತದೆ. ಗುರುತು ಉಳಿಯುವುದು ಹೀಗೆ. ವ್ಯಾಕ್ಸ್ ಇದ್ದರೆ ನಿಮಗೆ ಒಂದಿಷ್ಟು ಹೊತ್ತು ಸಿಗುತ್ತದೆ, ಅಷ್ಟೇ. ಒದ್ದೆ ಟಿಶ್ಯೂ ಅದರ ಮೇಲೆ ಐದು ನಿಮಿಷ ಇಟ್ಟು, ನೆನೆದ ಮೇಲೆ ಎತ್ತಿಬಿಡಿ. ಒಣಗಿದ್ದನ್ನು ಉಜ್ಜಬೇಡಿ, ಅದರಲ್ಲಿ ಮರಳು, ಬೀಜ ಎಲ್ಲಾ ಇರುತ್ತದೆ.

ಬೆಲೆ ನೋಡುವುದಾದರೆ, ಪೇಸ್ಟ್ ಡಬ್ಬಿ ಕೊಳ್ಳುವಾಗ ದುಬಾರಿ ಅನಿಸಿದರೂ ತೆಳ್ಳಗೆ ಹಚ್ಚುವವರಿಗೆ ವರ್ಷಗಟ್ಟಲೆ ಬರುತ್ತದೆ. ಸ್ಪ್ರೇ ಬೇಗ ಖಾಲಿ. ಸೀಲೆಂಟ್ ವರ್ಷಕ್ಕೆ ಎರಡು-ಮೂರು ಸಲ ಹಚ್ಚಿದರೆ ಸಾಕಾದ್ದರಿಂದ ಲೆಕ್ಕದಲ್ಲಿ ಅದೇ ಅಗ್ಗ.

ರಸ್ತೆಯಲ್ಲಿ, ಮರದ ಕೆಳಗೆ, ಬಿಸಿಲಲ್ಲಿ ನಿಲ್ಲುವ ಕಾರಿಗೆ ನನ್ನ ಮಟ್ಟಿಗೆ ಸೀಲೆಂಟೇ ಸೈ. ಬೇಸ್‌ಮೆಂಟ್ ಪಾರ್ಕಿಂಗ್ ಇದ್ದು, ಒಳ್ಳೆ ನೀರೂ ಇದ್ದರೆ ಸೆರಾಮಿಕ್ ಸ್ಪ್ರೇ ನಿಮಗೆ ಭಾನುವಾರದ ಅರ್ಧ ಬೆಳಗು ಉಳಿಸುತ್ತದೆ. ಕಪ್ಪು, ನೀಲಿ, ಕಡುಗೆಂಪು ಕಾರು ಇದ್ದು ಹಚ್ಚುವುದೇ ನಿಮಗೆ ಇಷ್ಟವಾದರೆ ಕಾರ್ನೌಬಾ ಕೊಳ್ಳಿ. ಬಿಳಿ ಕಾರಿನವರಿಗೆ ಕಾರ್ನೌಬಾದ ಆಳ ಕಾಣುವುದೇ ಇಲ್ಲ, ಆ ದುಡ್ಡು ಒಳ್ಳೆ ಮೈಕ್ರೋಫೈಬರ್ ಬಟ್ಟೆಗೆ ಹಾಕಿ. ಹೊಳಪಿಲ್ಲದ ಮ್ಯಾಟ್ ಪೇಂಟ್ ಇದ್ದರೆ ಇವು ಯಾವುದೂ ಬೇಡ, ಅದಕ್ಕೆ ಬೇರೆಯೇ ಬರುತ್ತದೆ.

ಉಡುಪಿಯಲ್ಲಿರುವ ನಮ್ಮ ಭಾವನೂ ಇದನ್ನೇ ಕೇಳಿದರು. ಅಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಜೊತೆಗೆ ಉಪ್ಪು ಗಾಳಿ. ಸೀಲೆಂಟ್ ಹಚ್ಚಿ ಭಾವ, ಆದರೆ ತುಕ್ಕು ಶುರುವಾಗುವುದು ಕಾರಿನ ಹೊಟ್ಟೆಯಲ್ಲಿ, ವ್ಯಾಕ್ಸ್ ಅಲ್ಲಿಗೆ ಹೋಗೋದಿಲ್ಲ, ಮೊದಲು ಅಂಡರ್‌ಬಾಡಿ ಕೋಟಿಂಗ್ ನೋಡಿ ಅಂದೆ. ಕರಾವಳಿಯವರಿಗೆಲ್ಲ ಇದೇ ಮಾತು.

ಯಾವುದನ್ನೇ ಹಚ್ಚಿದರೂ ಕೆಲವು ಜಾಗ್ರತೆ ಒಂದೇ. ಬೆಳಗ್ಗೆ ಬಿಸಿಲೇರುವ ಮುಂಚೆ, ನೆರಳಲ್ಲಿ, ಲೋಹ ತಣ್ಣಗಿರುವಾಗ ಹಚ್ಚಿ. ಬಂಪರಿನ, ವೈಪರ್ ಬುಡದ ಕಪ್ಪು ಪ್ಲಾಸ್ಟಿಕ್‌ಗೆ ಮೊದಲೇ ಟೇಪ್ ಹಾಕಿ. ಅಲ್ಲಿ ಪೇಸ್ಟ್ ವ್ಯಾಕ್ಸ್ ಸೇರಿಕೊಂಡರೆ ಬಿಳಿ ಕಲೆ ಸುಲಭಕ್ಕೆ ಹೋಗೋದಿಲ್ಲ. ಹಳೆ ಬನಿಯನ್ ಬೇಡ, ಹೊಲಿಗೆ ಗೀರುತ್ತದೆ. ಮೈಕ್ರೋಫೈಬರ್ ಬಟ್ಟೆಯ ಲೇಬಲ್ಲನ್ನೂ ಕತ್ತರಿಸಿ. ಹೊಸದಾಗಿ ಪೇಂಟ್ ಮಾಡಿಸಿದ ಭಾಗ ಇದ್ದರೆ ಎಷ್ಟು ದಿನ ಬಿಡಬೇಕು ಅಂತ ಪೇಂಟ್ ಮಾಡಿದವರನ್ನೇ ಕೇಳಿ.

ಈಗ ನಾನು ಇಡೀ ಕಾರಿಗೆ ಬೇಸಿಗೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಸೀಲೆಂಟ್ ಹಚ್ಚುತ್ತೇನೆ. ಆಯುಧ ಪೂಜೆಗೆ ಮುಂಚೆ ಅದರ ಮೇಲೆ ಕಾರ್ನೌಬಾ. ಈ ಕ್ರಮ ತಿರುಗಿಸಬೇಡಿ, ಎಣ್ಣೆಯಂಶ ಇರುವ ಮೇಣದ ಮೇಲೆ ಸೀಲೆಂಟ್ ಹಿಡಿಯೋದಿಲ್ಲ. ಪೂಜೆ ದಿನ ಕಾರು ಚೆಂದ ಕಾಣಬೇಕು ಅನ್ನುವ ಆಸೆ ಇದ್ದೇ ಇರುತ್ತದೆ ಅಲ್ವಾ? ಅರಿಶಿನ, ಕುಂಕುಮ, ಗಂಧ ಬಣ್ಣಕ್ಕೆ ಇಳಿಯದ ಹಾಗೂ ಈ ಪದರ ತಡೆಯುತ್ತದೆ. ಸಂಜೆಯೇ ತೊಳೆದುಬಿಡಿ. ಮೊದಲು ಒಣಬಟ್ಟೆಯಲ್ಲಿ ಒರೆಸೋಕೆ ಹೋಗಬೇಡಿ, ನೀರು ಹಾಯಿಸಿ ಪುಡಿ ಪೂರ್ತಿ ಇಳಿಸಿ, ಆಮೇಲೆ ಶಾಂಪೂ ಹಾಕಿ.