ಹಳೆಯ ಗಿಟಾರ್ ಪೆಡಲ್‌ಗಳಿಗೆ ಯಾವ ಅಡಾಪ್ಟರ್? ಐದು ವರ್ಷ ಒನ್ ಸ್ಪಾಟ್ ಬಳಸಿದ ಮೇಲೆ

ನಮ್ಮ ಚಿಕ್ಕಪ್ಪ ಎಂಬತ್ತರ ದಶಕದಲ್ಲಿ ಮೈಸೂರಿನ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಗಣೇಶನ ಹಬ್ಬ ಬಂತೆಂದರೆ ಒಂದು ತಿಂಗಳು ಮನೆಯವರಿಗೆ ಅವರ ಮುಖ ಕಾಣುತ್ತಿರಲಿಲ್ಲ. 2019ರಲ್ಲಿ ಅವರ ತಗಡಿನ ಟ್ರಂಕು ನನ್ನ ಪಾಲಿಗೆ ಬಂತು. "ತಗೊಂಡ್ ಹೋಗೋ, ನನ್ನ ಬೆರಳು ಈಗ ಓಡಲ್ಲ" ಅಂದರು. ಒಳಗೆ ಮೂರು ಪೆಡಲ್ (ಗಿಟಾರಿನ ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಡಬ್ಬಿ) ಇದ್ದವು: ತಿಳಿನೀಲಿ ಬಾಸ್ ಕಂಪನಿಯ ಸಿಇ-2 ಕೋರಸ್, ಕಿತ್ತಳೆ ಬಣ್ಣದ ಬಾಸ್ ಡಿಎಸ್-1, ಹಸಿರು ಐಬನೀಝ್ ಟಿಎಸ್9. ಜೊತೆಗೆ ಇಟ್ಟಿಗೆ ತುಂಡಿನ ಹಾಗಿದ್ದ ಒಂದು ಜಪಾನಿ ಅಡಾಪ್ಟರ್.

ಆವತ್ತು ರಾತ್ರಿಯೇ ಅಡಾಪ್ಟರನ್ನು ಗೋಡೆಗೆ ಚುಚ್ಚಿದೆ. ಐದು ನಿಮಿಷದಲ್ಲಿ ಸುಟ್ಟ ವಾರ್ನಿಷ್ ವಾಸನೆ. ಕಿತ್ತು ನೋಡಿದರೆ ಹೊಟ್ಟೆಯ ಮೇಲೆ ಸ್ಪಷ್ಟವಾಗಿ ಬರೆದಿದೆ, ಎಸಿ 100 ವೋಲ್ಟ್. ಜಪಾನಿನಲ್ಲಿ ಮನೆ ಕರೆಂಟೇ ಅಷ್ಟು. ನಮ್ಮದು 230. ಚಿಕ್ಕಪ್ಪನಿಗೆ ಫೋನ್ ಮಾಡಿದರೆ, "ಅದಕ್ಕೊಂದು ಸ್ಟೆಪ್‌ಡೌನ್ ಇತ್ತಲ್ಲೋ, ಟ್ರಂಕಿನ ಅಡೀಲಿ ನೋಡ್ಲಿಲ್ವಾ?" ಅಂದರು. ಇತ್ತು. 230 ವೋಲ್ಟನ್ನು 100ಕ್ಕೆ ಇಳಿಸುವ ಆ ಡಬ್ಬಿಯನ್ನು ಹಳೆಯ ಲುಂಗಿಯಲ್ಲಿ ಸುತ್ತಿಟ್ಟಿದ್ದರು. ಪುಣ್ಯಕ್ಕೆ ಪೆಡಲ್ ಜೋಡಿಸಿರಲಿಲ್ಲ.

ಅಲ್ಲಿಂದ ಸುಮಾರು ಒಂದು ವರ್ಷ ಅಡಾಪ್ಟರ್ ಹುಡುಕಿದ್ದೇ ಆಯಿತು. ಟ್ರೂಟೋನ್ ಕಂಪನಿಯ ಒನ್ ಸ್ಪಾಟ್ ಅಡಾಪ್ಟರ್ ಬಗ್ಗೆ ಹೇಳುವ ಮುಂಚೆ ಆ ಕಥೆ ಹೇಳಲೇಬೇಕು. ಇಲ್ಲದಿದ್ದರೆ ಇದು ಯಾಕೆ ಇಷ್ಟವಾಯಿತು ಅಂತ ಗೊತ್ತಾಗುವುದಿಲ್ಲ.

ಮೊದಲು ತಂದಿದ್ದು ಬ್ಯಾಟರಿ ಎಲಿಮಿನೇಟರ್. ಹೆಸರಿಲ್ಲದ ಕಪ್ಪು ಡಬ್ಬಿ, 250 ರೂಪಾಯಿ. ನೀವೂ ನೋಡಿರುತ್ತೀರಿ: ಮೇಲೆ 3ರಿಂದ 12 ವೋಲ್ಟ್‌ವರೆಗೆ ತಿರುಗಿಸುವ ಗುಬುಟು, ಪಕ್ಕದಲ್ಲಿ ಪ್ಲಸ್ ಮೈನಸ್ ಅದಲುಬದಲು ಮಾಡುವ ಪುಟ್ಟ ಸ್ವಿಚ್ಚು, ವೈರಿನ ತುದಿಗೆ ಆಕ್ಟೋಪಸ್ ಥರ ನಾಲ್ಕೈದು ಪಿನ್ನು. ಗುಬುಟನ್ನು 9ಕ್ಕೆ ಇಟ್ಟು ಮಲ್ಟಿಮೀಟರ್ ಹಿಡಿದರೆ 13.6 ತೋರಿಸಿತು! ಕೆಟ್ಟು ಹೋಗಿದೆ ಅಂದುಕೊಂಡೆ. ಹಾಗಲ್ಲ. ಒಳಗೆ ಇರುವುದು ಟ್ರಾನ್ಸ್‌ಫಾರ್ಮರ್, ಡಯೋಡು, ಒಂದು ಕೆಪಾಸಿಟರ್ ಅಷ್ಟೇ. ವೋಲ್ಟೇಜನ್ನು ಹಿಡಿದು ನಿಲ್ಲಿಸುವ ರೆಗ್ಯುಲೇಟರ್ ಇಲ್ಲ. ಡಬ್ಬಿಯ ಮೇಲೆ ಬರೆದ 500 ಮಿಲಿಆಂಪ್ ಎಳೆದರೆ ಆಗ 9ಕ್ಕೆ ಇಳಿಯುತ್ತದೆ. ನಮ್ಮ ಹಳೆಯ ಪೆಡಲ್ ಎಳೆಯುವುದು ಐದೋ ಹತ್ತೋ ಮಿಲಿಆಂಪ್. ಹಾಗಾಗಿ ಅದು 13ರಲ್ಲೇ ನಿಂತಿರುತ್ತದೆ. ಸಂಜೆ ಬೀದಿಯ ವೋಲ್ಟೇಜ್ ಬಿದ್ದರೆ ಇದೂ ಬೀಳುತ್ತದೆ, ನಡುರಾತ್ರಿ ಏರಿದರೆ ಇದೂ ಏರುತ್ತದೆ. ಮೇಲೆ ಗುಂಯ್ ಅನ್ನುವ 100 ಹರ್ಟ್ಸ್ ಸದ್ದು. ತಂಬೂರಿ ಶ್ರುತಿಗಾದರೂ ಉಪಯೋಗವಿದೆ, ಇದಕ್ಕೆ ಅದೂ ಇಲ್ಲ.

ಆದರೂ ಎರಡು ತಿಂಗಳು ಓಡಿಸಿದೆ. ಒಂದು ದಿನ ಕಾಲು ತಗುಲಿ ಆ ಪುಟ್ಟ ಸ್ವಿಚ್ಚು ಆಚೆ ಸರಿಯಿತು. ನಾನು ನೋಡಲಿಲ್ಲ. ಟಿಎಸ್9 ಸತ್ತುಹೋಯಿತು. ರಿಪೇರಿಯವರು ಬಿಚ್ಚಿ ನಕ್ಕರು. ಉಲ್ಟಾ ಕರೆಂಟ್ ಬಂದರೆ ತಾನು ಶಾರ್ಟ್ ಆಗಿ ಮಿಕ್ಕಿದ್ದನ್ನು ಕಾಪಾಡಲಿ ಅಂತ ಒಂದು ಡಯೋಡ್ ಇಟ್ಟಿರುತ್ತಾರೆ, ಅದು ತನ್ನ ಕೆಲಸ ಮಾಡಿತ್ತು. ಎರಡು ರೂಪಾಯಿಯ 1ಎನ್4001 ಹಾಕಿದರು, ಪೆಡಲ್ ಎದ್ದಿತು. "ಸಾರ್, ಎಲ್ಲಾ ಪೆಡಲ್ಲಲ್ಲೂ ಇದು ಇರಲ್ಲ, ಪ್ರತಿ ಸಲ ಹೀಗೆ ಬದುಕಲ್ಲ" ಅಂದರು. ಗಿಟಾರ್ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಪಿನ್ನಿನ ನಡುಭಾಗ ಮೈನಸ್, ಹೊರಭಾಗ ಪ್ಲಸ್. ಮನೆಯಲ್ಲಿ ಬಿದ್ದಿರುವ ರೌಟರ್, ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್‌ಗಳಲ್ಲಿ ಹೆಚ್ಚಾಗಿ ಇದರ ಉಲ್ಟಾ. ಪಿನ್ನು ಮಾತ್ರ ಸಲೀಸಾಗಿ ಕೂತುಬಿಡುತ್ತದೆ, ಅದೇ ಅಪಾಯ.

ಎರಡನೆಯದು ಆನ್‌ಲೈನ್‌ನಲ್ಲಿ ಸಿಕ್ಕ ಎಂಟು ತೂತಿನ ಪೆಟ್ಟಿಗೆ. ಹೆಸರು ಬೇಡ. "ಎಂಟೂ ಔಟ್‌ಪುಟ್ ಪೂರ್ತಿ ಐಸೊಲೇಟೆಡ್" ಅಂತ ದೊಡ್ಡದಾಗಿ ಅಚ್ಚು ಹಾಕಿದ್ದರು. ಐಸೊಲೇಟೆಡ್ ಅಂದರೆ ಒಂದು ಔಟ್‌ಪುಟ್ಟಿನ ಮೈನಸ್‌ಗೂ ಇನ್ನೊಂದರ ಮೈನಸ್‌ಗೂ ಒಳಗೆ ಸಂಬಂಧ ಇರಬಾರದು. ಪೆಟ್ಟಿಗೆಯನ್ನು ಗೋಡೆಯಿಂದ ಕಿತ್ತು, ಮಲ್ಟಿಮೀಟರನ್ನು ಬೀಪ್ ಹೊಡೆಯುವ ಕಡೆಗೆ ತಿರುಗಿಸಿ, ಎರಡು ಔಟ್‌ಪುಟ್ಟಿನ ಮೈನಸ್‌ಗೆ ಎರಡು ಕಡ್ಡಿ ಮುಟ್ಟಿಸಿದೆ. ಬೀಪ್. ಮೂರನೆಯದು, ಬೀಪ್. ಎಂಟೂ ಬೀಪ್. ಒಂದೇ ತಂತಿಗೆ ಎಂಟು ತೂತು ಕೊರೆದಿದ್ದರು ಅಷ್ಟೆ. ಅದನ್ನು ಹಾಕಿಕೊಂಡು ಬರಿಗಾಲಲ್ಲಿ ನಿಂತು ಗಿಟಾರ್ ತಂತಿ ಮುಟ್ಟಿದರೆ ಬೆರಳಿಗೆ ಸಣ್ಣಗೆ ಜುಮ್ ಅನ್ನುತ್ತಿತ್ತು. ಮೇಲೆ ಸರ್ಕಾರಿ ಗುಣಮಟ್ಟದ ಬಿಐಎಸ್ ಗುರುತೂ ಇರಲಿಲ್ಲ. ವಾಪಸ್ ಕಳಿಸಿದೆ. ಈಗ ಯಾವ ಅಡಾಪ್ಟರ್ ಕೊಂಡರೂ ಲೇಬಲ್ಲಿನಲ್ಲಿ ಬಿಐಎಸ್‌ನ "ಆರ್" ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇದೆಯಾ ಅಂತ ನೋಡುತ್ತೇನೆ.

2020ರ ಶುರುವಿನಲ್ಲಿ ಅಣ್ಣ ಅಮೆರಿಕದಿಂದ ಬರುವಾಗ ಒನ್ ಸ್ಪಾಟ್ ಕಾಂಬೋ ಪ್ಯಾಕ್ ತಂದುಕೊಟ್ಟ. ಎಲ್ಲಾ ಸೇರಿ ಮೂರು ಸಾವಿರದ ಒಳಗೆ ಆಯಿತು ಅಂತ ನೆನಪು. ಕಂಪನಿಯ ಹಳೆಯ ಹೆಸರು ವಿಷುಯಲ್ ಸೌಂಡ್. ಅಡಾಪ್ಟರ್ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. 100ರಿಂದ 240 ವೋಲ್ಟ್‌ವರೆಗೆ ಯಾವ ದೇಶದಲ್ಲಾದರೂ ನಡೆಯುತ್ತದೆ. ಕೊಡುವುದು 9 ವೋಲ್ಟ್, 1700 ಮಿಲಿಆಂಪ್ ತನಕ. ಜೊತೆಗೆ ಐದು ತಲೆಯ ಕೇಬಲ್, 3.5 ಎಂಎಂ ಪಿನ್ನಿನ ಕನ್ವರ್ಟರ್, ಬ್ಯಾಟರಿ ಕ್ಲಿಪ್ಪು.

"ಅಯ್ಯೋ, 1700 ಕೊಟ್ಟರೆ ನನ್ನ ಪೆಡಲ್ ಸುಟ್ಟು ಹೋಗಲ್ವಾ?" ಅಂತ ಇವತ್ತಿಗೂ ಕೇಳುತ್ತಾರೆ. ಹೋಗಲ್ಲ. ನಲ್ಲಿಯಲ್ಲಿ ಎಷ್ಟೇ ನೀರಿರಲಿ, ನಿಮ್ಮ ಚೊಂಬು ಹಿಡಿಯುವಷ್ಟೇ ಹಿಡಿಯುತ್ತದೆ. ವೋಲ್ಟೇಜ್ ಸರಿಯಾಗಿರಬೇಕು, ಪ್ಲಸ್ ಮೈನಸ್ ಸರಿಯಾಗಿರಬೇಕು, ಮಿಲಿಆಂಪ್ ಬೇಕಾದಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಆಯಿತು. ನನ್ನ ಮೂರೂ ಪೆಡಲ್ ಸೇರಿ ಮೂವತ್ತು ಮಿಲಿಆಂಪ್ ದಾಟುವುದಿಲ್ಲ.

ಮೊದಲ ವಾರವೇ ಒಂದು ವಿಚಿತ್ರ ಆಯಿತು. ಸಿಇ-2 ಒಂದನ್ನೇ ಜೋಡಿಸಿದರೆ ಕೆಂಪು ದೀಪ ಸಾಯುವ ಹಾಗೆ ಮಿಣುಕುತ್ತದೆ, ಕೋರಸ್ ಸಪ್ಪೆ. ಬ್ಯಾಟರಿ ಹಾಕಿದರೆ ಚೆನ್ನಾಗಿದೆ. ಪೆಡಲ್ ಹೋಯಿತು ಅಂತ ಬೇಜಾರಾಯಿತು. ಮಾರನೆಯ ದಿನ ಮೂರೂ ಪೆಡಲ್ ಸಾಲಾಗಿ ಜೋಡಿಸಿ ನುಡಿಸಿದರೆ ಅದೇ ದೀಪ ಝಗ್ ಅಂತ ಉರಿಯುತ್ತಿದೆ! ಟಿಎಸ್9 ಕಿತ್ತರೆ ಮತ್ತೆ ಮಂಕು. ಹಾಕಿದರೆ ಝಗ್. ದೆವ್ವ ಹೊಕ್ಕಿದೆಯಾ ಅನ್ನಿಸಿತು.

ಗುಟ್ಟು ಇರುವುದು ಪೆಡಲ್ಲಿನ ಮೇಲಿನ ಮೂರು ಅಕ್ಷರದಲ್ಲಿ. ಹಳೆಯ ಬಾಸ್ ಪೆಡಲ್‌ಗಳಲ್ಲಿ ಪವರ್ ತೂತಿನ ಹತ್ತಿರ "ಎಸಿಎ" ಅಂತ ಇರುತ್ತದೆ, ಆಮೇಲಿನವುಗಳಲ್ಲಿ "ಪಿಎಸ್‌ಎ". ಎಸಿಎ ಕಾಲದ ಅಡಾಪ್ಟರ್ ನಮ್ಮ ಎಲಿಮಿನೇಟರ್ ಜಾತಿಯದು. ಹೆಸರಿಗೆ 9, ಕೊಡುವುದು 12ರ ಮೇಲೆ. ಅದಕ್ಕೇ ಪೆಡಲ್ಲಿನ ಒಳಗೆ ಮೈನಸ್ ದಾರಿಯಲ್ಲಿ ಒಂದು ರೆಸಿಸ್ಟರ್, ಒಂದು ಡಯೋಡ್ ಇಟ್ಟು ಹೆಚ್ಚಾದ ವೋಲ್ಟೇಜನ್ನು ಇಳಿಸುತ್ತಿದ್ದರು. ಈಗಿನ ಅಡಾಪ್ಟರ್ ನಿಜವಾಗಿಯೂ 9 ಕೊಡುತ್ತದೆ, ರೆಸಿಸ್ಟರ್ ಅದರಲ್ಲೂ ತನ್ನ ಪಾಲು ತಿನ್ನುತ್ತದೆ, ದೀಪಕ್ಕೆ ಮಿಕ್ಕಿದ್ದು ಎಂಜಲು. ಟಿಎಸ್9ನಲ್ಲಿ ಆ ರೆಸಿಸ್ಟರ್ ಇಲ್ಲ, ಅದರ ಮೈನಸ್ ನೇರವಾಗಿ ಗ್ರೌಂಡಿಗೆ (ಸರ್ಕ್ಯೂಟಿಗೆಲ್ಲಾ ಸಮಾನವಾದ ತಳದ ತಂತಿಗೆ) ಕೂತಿದೆ. ಎರಡು ಪೆಡಲ್ಲನ್ನು ಸೇರಿಸುವ ಪ್ಯಾಚ್ ಕೇಬಲ್ಲಿನ ಹೊರಕವಚದ ಮೂಲಕ ಸಿಇ-2ಗೂ ಆ ನೇರ ದಾರಿ ಸಿಕ್ಕಿಬಿಡುತ್ತದೆ. ರೆಸಿಸ್ಟರ್ ಪಕ್ಕಕ್ಕೆ ಉಳಿಯುತ್ತದೆ.

ಅಂದರೆ ಎಸಿಎ ಪೆಡಲ್ ಇಟ್ಟುಕೊಂಡವರು ದುಡ್ಡು ಖರ್ಚು ಮಾಡಬೇಕಾಗಿಯೇ ಇಲ್ಲ, ಅದೇ ಐದು ತಲೆಯ ಕೇಬಲ್ಲಿನಲ್ಲಿ ಎಸಿಎ ಅಲ್ಲದ ಇನ್ನೊಂದು ಪೆಡಲ್ ಜೊತೆಗಿರಬೇಕು ಅಷ್ಟೇ. ಆದರೆ ಇದನ್ನು ಅರ್ಧ ತಿಳಿದುಕೊಂಡು ಎಸಿಎ ಅಂತ 12 ವೋಲ್ಟ್ ತಂದು ಎಲ್ಲಕ್ಕೂ ಒಟ್ಟಿಗೆ ಚುಚ್ಚಬೇಡಿ. ರೆಸಿಸ್ಟರ್ ಅಡ್ಡ ಬರುವುದಿಲ್ಲ, 12 ವೋಲ್ಟ್ ಪೂರ್ತಿ ಒಳಗೆ ಹೋಗುತ್ತದೆ, 9ಕ್ಕೆ ಮಾಡಿದ ಪಕ್ಕದ ಪೆಡಲ್ಲಿಗೂ ಹೋಗುತ್ತದೆ. 12 ಕೊಡಲೇಬೇಕೆಂದರೆ ಆ ಪೆಡಲ್ಲಿಗೆ ಬೇರೆಯದೇ ಅಡಾಪ್ಟರ್ ಇರಲಿ.

ಮಧ್ಯದಲ್ಲಿ ಒಂದು ಹಳೆಯ ಪ್ರೊಕೊ ರ್‍ಯಾಟ್ ಪೆಡಲ್ ಕೈಗೆ ಬಂತು. ಅದರ ಪವರ್ ತೂತು ಹೆಡ್‌ಫೋನ್ ಪಿನ್ನಿನ ಅಳತೆಯದು, 3.5 ಎಂಎಂ, ತುದಿಯೇ ಪ್ಲಸ್. ಕಾಂಬೋದಲ್ಲಿ ಬಂದ ಕನ್ವರ್ಟರ್ ಇಲ್ಲಿ ಕೆಲಸಕ್ಕೆ ಬಂತು. ಒಂದು ಎಚ್ಚರಿಕೆ ಮಾತ್ರ: ಈ ಪಿನ್ನು ಒಳಗೆ ಜಾರುವಾಗ ಒಂದು ಕ್ಷಣ ಪ್ಲಸ್ ಮೈನಸ್ ಮುಟ್ಟಿಕೊಳ್ಳಬಹುದು. ಮೊದಲು ಪೆಡಲ್ಲಿಗೆ ಪಿನ್ ಹಾಕಿ, ಆಮೇಲೆ ಗೋಡೆಯ ಸ್ವಿಚ್ ಒತ್ತಿ.

ಪವರ್ ತೂತಿಲ್ಲದ ಪೆಡಲ್ಲಿನೊಳಗಿನ ಕ್ಲಿಪ್ಪಿಗೆ ಅಡಾಪ್ಟರ್ ಜೋಡಿಸುವ ಬ್ಯಾಟರಿ ಕ್ಲಿಪ್ಪಿನದು ಇನ್ನೊಂದು ಫಜೀತಿ. ಸ್ನೇಹಿತನೊಬ್ಬ "ಇದಕ್ಕೆಲ್ಲಾ ಯಾಕೆ ದುಡ್ಡು" ಅಂತ ಹತ್ತು ರೂಪಾಯಿಯ ಕ್ಲಿಪ್ಪಿಗೆ ತಾನೇ ಪಿನ್ನು ಬೆಸುಗೆ ಹಾಕಿದ. ಕೆಂಪು ಪ್ಲಸ್, ಕಪ್ಪು ಮೈನಸ್. ತಪ್ಪು! ಎರಡು ಕ್ಲಿಪ್ಪು ಮುಖಾಮುಖಿ ಕೂತಾಗ ಗಂಡು ಗುಂಡಿ ಹೆಣ್ಣಿಗೆ ಸಿಗುತ್ತದೆ, ಹಾಗಾಗಿ ಇದರ ಕೆಂಪು ಹೋಗಿ ಪೆಡಲ್ಲಿನ ಕಪ್ಪಿಗೆ ಸೇರುತ್ತದೆ. ಬಣ್ಣ ನಂಬದೆ ಉಲ್ಟಾ ಬೆಸುಗೆ ಹಾಕಬೇಕು. ಅಥವಾ ಸತ್ತ 9 ವೋಲ್ಟ್ ಬ್ಯಾಟರಿಯ ತಲೆಯನ್ನೇ ಕಿತ್ತು ಬಳಸಿ, ಗೊಂದಲವೇ ಇಲ್ಲ.

ಐದು ವರ್ಷದಲ್ಲಿ ಒನ್ ಸ್ಪಾಟ್ ಮಾಡದೇ ಇದ್ದ ಕೆಲಸ ಎರಡು. ಎರಡಕ್ಕೂ ಅದನ್ನು ದೂರುವ ಹಾಗಿಲ್ಲ.

ಒಂದು, ಅದೇ ಸ್ನೇಹಿತ ಮಾಡಿಕೊಟ್ಟ ಜರ್ಮೇನಿಯಂ ಫಝ್, ಸದ್ದನ್ನು ಒರಟು ಮಾಡುವ ಪೆಡಲ್. 1966ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಫಝ್ ಫೇಸ್‌ನ ಸರ್ಕ್ಯೂಟೇ. ಹಾಕಿರುವುದು ಹಳೆಯ ರೇಡಿಯೋದಿಂದ ಕಿತ್ತ ಎರಡು ಎಸಿ128 ಟ್ರಾನ್ಸಿಸ್ಟರ್, ಮೇಲೆ ಬಿಇಎಲ್ ಅಂತ ಅಚ್ಚು. ನಮ್ಮ ಜಾಲಹಳ್ಳಿಯವರದು! ಇವು ಪಿಎನ್‌ಪಿ ಜಾತಿ, ಇಲ್ಲಿ ಪ್ಲಸ್ಸೇ ಗ್ರೌಂಡು. ಮಿಕ್ಕ ಪೆಡಲ್‌ಗಳ ಜೊತೆ ಒಂದೇ ಕೇಬಲ್ಲಿಗೆ ಕಟ್ಟಿದರೆ ಪ್ಯಾಚ್ ಕೇಬಲ್ ಮೂಲಕ ಪ್ಲಸ್ಸಿಗೂ ಮೈನಸ್ಸಿಗೂ ನೇರ ಶಾರ್ಟು. ಇದಕ್ಕೆ ಐಸೊಲೇಟೆಡ್ ಪೆಟ್ಟಿಗೆ ಬೇಕು, ಇಲ್ಲವೇ ಬ್ಯಾಟರಿ. ನಾನು ಬ್ಯಾಟರಿಯನ್ನೇ ಹಾಕುತ್ತೇನೆ. ಒಂದು ಮಿಲಿಆಂಪ್ ಕೂಡ ಎಳೆಯದ ಪೆಡಲ್ಲಿದು. ನುಡಿಸಿ ಆದ ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಟ್ಟರೆ ಅಂಗಡಿಯ ಸಾದಾ ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ.

ಎರಡು, ಡಿಜಿಟಲ್ ಡಿಲೇ, ಅಂದರೆ ಪ್ರತಿಧ್ವನಿ ಕೊಡುವ ಪೆಡಲ್. ಅರವತ್ತು ಮಿಲಿಆಂಪ್ ತಿನ್ನುವ ಪೆಡಲ್, ಒಳಗೆ ಸದಾ ಓಡುವ ಕ್ಲಾಕ್. ಹಳೆಯ ಪೆಡಲ್‌ಗಳ ಜೊತೆ ಒಂದೇ ಕೇಬಲ್ಲಿಗೆ ಕಟ್ಟಿದರೆ, ರ್‍ಯಾಟ್‌ನ ಗೇನ್ ಏರಿಸಿದಾಗ ಸೊಳ್ಳೆ ಸದ್ದು ಕೇಳುತ್ತಿತ್ತು. ಯಾವ ಅಡಾಪ್ಟರ್ ಆದರೂ ಹೀಗೆ ಸಾಲಾಗಿ ಕಟ್ಟಿದರೆ ಇದು ಬರಬಹುದು. ಡಿಲೇಗೆ ಬೇರೆ ಸಣ್ಣ ಅಡಾಪ್ಟರ್ ಕೊಟ್ಟೆ, ಸೊಳ್ಳೆ ಹೋಯಿತು.

ಕರೆಂಟು ಹೋದಾಗಿನ ಕಥೆಯೂ ಕೇಳಿ. ನಮ್ಮ ಮನೆಯದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್. ಅದರ ಮೇಲೆ ಎಲಿಮಿನೇಟರ್ ದುಂಬಿಯ ಹಾಗೆ ಗುಂಯ್‌ಗುಡುತ್ತಿತ್ತು, ಒನ್ ಸ್ಪಾಟ್ ತೆಪ್ಪಗಿದೆ. ಆಂಪ್ಲಿಫೈಯರ್ ಗುಂಯ್‌ಗುಡುವುದು ಬೇರೆ ವಿಷಯ.

ಇದರ ಪಿನ್ನು ಅಮೆರಿಕದ ಚಪ್ಪಟೆ ಪಿನ್ನು. ನಮ್ಮ ಸಾಕೆಟ್ಟಿಗೆ ಕನ್ವರ್ಟರ್ ಬೇಕು. ಬೀದಿಯ ಇಪ್ಪತ್ತು ರೂಪಾಯಿ ಕನ್ವರ್ಟರ್ ಸಡಿಲವಾಗಿ ಕಿಡಿ ಹಾರಿದ್ದಕ್ಕೆ ಈಗ ಒಳ್ಳೆಯದೊಂದು ಹಾಕಿದ್ದೇನೆ. ಇವತ್ತಿಗೂ ಮೀಟರ್ ಹಿಡಿದರೆ ಒಂಬತ್ತೂವರೆಯ ಹತ್ತಿರ ನಿಂತಿರುತ್ತದೆ, ಪೆಡಲ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಮೂರು ನಾಲ್ಕು ಮಾಮೂಲಿ ಹಳೆಯ ಪೆಡಲ್ ಇರುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಡಿಜಿಟಲ್ ಪೆಡಲ್ ಜಾಸ್ತಿ ಇರುವವರು, ಸ್ಟುಡಿಯೋದವರು ಇನ್ನಷ್ಟು ದುಡ್ಡು ಕೂಡಿಸಿ ನಿಜವಾದ ಐಸೊಲೇಟೆಡ್ ಪೆಟ್ಟಿಗೆ ನೋಡಿ, ಬೀಪ್ ಪರೀಕ್ಷೆ ಮಾಡಿಯೇ ಇಟ್ಟುಕೊಳ್ಳಿ. ನನ್ನಿಂದ ಐದಕ್ಕೆ ನಾಲ್ಕು. ಅದಕ್ಕಿಂತ ಮೊದಲು 350 ರೂಪಾಯಿಯ ಮಲ್ಟಿಮೀಟರ್ ತನ್ನಿ, ಅದಕ್ಕೆ ಐದಕ್ಕೆ ಐದು.

ರ್‍ಯಾಟ್‌ನ 3.5 ಎಂಎಂ ಕನ್ವರ್ಟರ್ ಮಾತ್ರ ಇತ್ತೀಚೆಗೆ ಅಲ್ಲಾಡುತ್ತಿದೆ, ಐದು ವರ್ಷ ನಾನು ಎಳೆದಾಡಿದ್ದಕ್ಕೆ. ಶನಿವಾರ ಎಸ್‌.ಪಿ. ರಸ್ತೆಗೆ ಹೋಗಿ ಹೊಸ ಪಿನ್ನು ತರಬೇಕು. ಚಿಕ್ಕಪ್ಪನೂ ಬರುತ್ತಾರಂತೆ. ಅವರ ಸ್ಟೆಪ್‌ಡೌನ್‌ನ ಫ್ಯೂಸ್ ಹೋಗಿದೆಯಂತೆ, "ಇರ್ಲಿ ಬಿಡು, ಯಾವತ್ತಾದ್ರೂ ಬೇಕಾಗುತ್ತೆ" ಅನ್ನುತ್ತಿದ್ದಾರೆ.